ಕಾರಿನ ಎಸಿ ತಣ್ಣಗಾಗ್ತಿಲ್ವಾ? ಗ್ಯಾಸ್ ಹಾಕಿಸುವ ಮೊದಲು ಇಷ್ಟು ನೋಡಿ

ಬೇಸಿಗೆ ಬಂತೆಂದರೆ ಎಸಿ ಅಂಗಡಿಗಳಲ್ಲಿ ಒಂದೇ ಮಾತು: "ಗ್ಯಾಸ್ ಕಮ್ಮಿ ಆಗಿದೆ ಸಾರ್, ತುಂಬಿಸಿಬಿಡೋಣ." ಬೇಗನೆ ಕೆಲಸ ಮುಗಿಯುತ್ತದೆ, ಗಾಳಿ ತಣ್ಣಗೆ ಬರುತ್ತದೆ, ದುಡ್ಡು ಕೊಟ್ಟು ಮನೆಗೆ ಬರುತ್ತೀರಿ. ಮುಂದಿನ ವರ್ಷ ಮತ್ತೆ ಅದೇ ಅಂಗಡಿ, ಅದೇ ಮಾತು.

ಎಸಿ ಗ್ಯಾಸ್ ಪೆಟ್ರೋಲಿನ ಹಾಗೆ ಓಡಿಸಿದಷ್ಟೂ ಖರ್ಚಾಗುವುದಿಲ್ಲ. ಮುಚ್ಚಿದ ಪೈಪುಗಳೊಳಗೆ ಅದೇ ಗ್ಯಾಸ್ ಸುತ್ತುತ್ತಿರುತ್ತದೆ. ರಬ್ಬರ್ ಹೋಸ್ ಮತ್ತು ಸೀಲುಗಳಿಂದ ವರ್ಷಕ್ಕೆ ಚೂರುಪಾರು ಹೋಗುವುದು ನಿಜ. ಆದರೆ ಪ್ರತಿ ಬೇಸಿಗೆಗೂ ಖಾಲಿಯಾಗುತ್ತಿದೆ ಎಂದರೆ ಎಲ್ಲೋ ಲೀಕ್ ಇದೆ, ಅದನ್ನು ಯಾರೂ ಹುಡುಕಿಲ್ಲ ಅಂತಲೇ ಅರ್ಥ. ಎಷ್ಟೋ ಸಲ ತೊಂದರೆ ಗ್ಯಾಸಿನದ್ದೇ ಆಗಿರುವುದಿಲ್ಲ.

ಒಳಗೆ ಏನಾಗುತ್ತದೆ ಎಂದು ಚುಟುಕಾಗಿ ನೋಡೋಣ. ಕಂಪ್ರೆಸರ್ ಗ್ಯಾಸನ್ನು ಒತ್ತುತ್ತದೆ, ಅದು ಬಿಸಿಯಾಗುತ್ತದೆ. ರೇಡಿಯೇಟರ್ ಮುಂದಿರುವ ಕಂಡೆನ್ಸರಿನಲ್ಲಿ ಬಿಸಿ ಕಳೆದುಕೊಂಡು ದ್ರವವಾಗುತ್ತದೆ. ಎಕ್ಸ್‌ಪಾನ್ಶನ್ ವಾಲ್ವಿನ ಸಣ್ಣ ತೂತಿನಿಂದ ಹೊರಬಿದ್ದಾಗ ಒತ್ತಡ ಇಳಿದು, ಡ್ಯಾಶ್‌ಬೋರ್ಡ್ ಒಳಗಿನ ಕೂಲಿಂಗ್ ಕಾಯಿಲ್ ತಣ್ಣಗಾಗುತ್ತದೆ. ಬ್ಲೋವರ್ ಆ ಕಾಯಿಲ್ ಮೇಲೆ ಗಾಳಿ ಊದುತ್ತದೆ. ಅಷ್ಟೇ.

1. ಫಿಲ್ಟರ್ ತೆಗೆದು ನೋಡಿ

ಗಾಳಿ ತಣ್ಣಗಿದೆ, ಆದರೆ ಜೋರಾಗಿ ಬರುತ್ತಿಲ್ಲವೇ? ಹೆಚ್ಚಿನ ಕಾರುಗಳಲ್ಲಿ ಕ್ಯಾಬಿನ್ ಫಿಲ್ಟರ್ ಗ್ಲವ್ ಬಾಕ್ಸ್ ಹಿಂದೆ ಇರುತ್ತದೆ. ಬಾಕ್ಸ್ ಕಳಚಿದರೆ ಕೈಗೇ ಸಿಗುತ್ತದೆ. ಕಪ್ಪಗಾಗಿದ್ದರೆ ಬದಲಾಯಿಸಿ, ತೊಳೆದು ಹಾಕಲು ಹೋಗಬೇಡಿ. ಫ್ಯಾನ್ ನಾಲ್ಕನೇ ಸ್ಪೀಡಿನಲ್ಲಿ ಮಾತ್ರ ತಿರುಗಿ ಉಳಿದವುಗಳಲ್ಲಿ ಸುಮ್ಮನಿದ್ದರೆ ಬ್ಲೋವರ್ ರೆಸಿಸ್ಟರ್ ಸುಟ್ಟಿರುತ್ತದೆ. ಇದಕ್ಕೂ ಗ್ಯಾಸಿಗೂ ಸಂಬಂಧವೇ ಇಲ್ಲ.

2. ಥರ್ಮಾಮೀಟರ್ ಇಟ್ಟು ಅಳೆಯಿರಿ

"ಮೊದಲಿನಷ್ಟು ಕೂಲಿಂಗ್ ಇಲ್ಲ" ಎಂಬುದು ಅಳತೆಯಲ್ಲ. ಅಡುಗೆಮನೆಯ ಡಿಜಿಟಲ್ ಥರ್ಮಾಮೀಟರ್ ಸಾಕು. ಕಾರನ್ನು ನೆರಳಿನಲ್ಲಿ, ಗಾಳಿಯಾಡುವ ಬಯಲಲ್ಲಿ ನಿಲ್ಲಿಸಿ. ಮುಚ್ಚಿದ ಗ್ಯಾರೇಜಿನಲ್ಲಿ ಎಂಜಿನ್ ಓಡಿಸಬೇಡಿ. ಕಿಟಕಿ ಮುಚ್ಚಿ, ಒಳಗಿನ ಗಾಳಿಯೇ ಸುತ್ತುವ ರೀಸರ್ಕ್ಯುಲೇಷನ್ ಬಟನ್ ಒತ್ತಿ, ಬ್ಲೋವರ್ ಮಧ್ಯಮದಲ್ಲಿಡಿ. ಎಂಜಿನನ್ನು 1500 ಆರ್‌ಪಿಎಂನಲ್ಲಿ ಹತ್ತು ನಿಮಿಷ ಓಡಿಸಿ, ನಡುವಿನ ವೆಂಟಿನಲ್ಲಿ ಅಳೆಯಿರಿ. 5ರಿಂದ 10 ಡಿಗ್ರಿ ಬಂದರೆ ಎಸಿ ಚೆನ್ನಾಗಿದೆ. ಕಲಬುರಗಿ, ರಾಯಚೂರಿನ ಮೇ ಬಿಸಿಲಿನಲ್ಲಾದರೆ ಎರಡು-ಮೂರು ಡಿಗ್ರಿ ಜಾಸ್ತಿ ಬಂದರೂ ಗಾಬರಿ ಬೇಡ. ಮಂಗಳೂರಿನಲ್ಲಿ ಗಾಳಿಯ ತೇವವನ್ನು ಹಿಂಡುವುದಕ್ಕೇ ಎಸಿಯ ಅರ್ಧ ಶಕ್ತಿ ಹೋಗಿಬಿಡಬಹುದು. ಕಾರಿನ ಕೆಳಗೆ ಹನಿಯುವ ನೀರು ಅದೇ. ಅದು ರಸ್ತೆಗೆ ಬೀಳಬೇಕು. ಪಕ್ಕದ ಸೀಟಿನವರ ಕಾಲ ಬಳಿ ಮ್ಯಾಟ್ ಒದ್ದೆಯಾಗುತ್ತಿದ್ದರೆ ನೀರು ಹೊರಹೋಗುವ ಪೈಪ್ ಕಟ್ಟಿಕೊಂಡಿದೆ.

3. ಬಾನೆಟ್ ಎತ್ತಿ, ಕಿವಿ ಕೊಡಿ

ಎಸಿ ಬಟನ್ ಒತ್ತಿದಾಗ 'ಟಕ್' ಎಂದು ಕಂಪ್ರೆಸರ್ ಕ್ಲಚ್ (ಕಂಪ್ರೆಸರನ್ನು ಎಂಜಿನ್ ಬೆಲ್ಟಿಗೆ ಜೋಡಿಸುವ ಭಾಗ) ಹಿಡಿದ ಸದ್ದು ಬರಬೇಕು. ಸ್ವಲ್ಪ ಹೊತ್ತಿಗೆ ಮುಂದಿನ ಫ್ಯಾನ್ ತಿರುಗಬೇಕು. ಆ ಫ್ಯಾನ್ ಹೇಳದೆ ಕೇಳದೆ ಶುರುವಾಗುತ್ತದೆ. ಕೈ, ದುಪಟ್ಟಾ, ಉದ್ದನೆ ತೋಳು ದೂರವಿರಲಿ.

ಸದ್ದು ಬರಲಿಲ್ಲವೇ? ಮೊದಲು ಎಸಿ ಫ್ಯೂಸ್ ನೋಡಿ. ಆಮೇಲೆ ರಿಲೇ, ಅಂದರೆ ಫ್ಯೂಸ್ ಬಾಕ್ಸಿನಲ್ಲಿರುವ ಚಿಕ್ಕ ಎಲೆಕ್ಟ್ರಿಕ್ ಸ್ವಿಚ್. ಹಾರ್ನಿನ ರಿಲೇ ಮೇಲೂ ಅದೇ ನಂಬರ್ ಇದ್ದರೆ ಎರಡನ್ನೂ ಅದಲುಬದಲು ಮಾಡಿದರೆ ಗೊತ್ತಾಗಿಬಿಡುತ್ತದೆ. ವೈರನ್ನು ಇಲಿ ಕಡಿದಿದೆಯಾ ಎಂದೂ ನೋಡಿ, ನಮ್ಮ ಊರುಗಳಲ್ಲಿ ಇದು ತಮಾಷೆಯ ಮಾತಲ್ಲ. ಕ್ಲಚ್ಚಿನ ಕನೆಕ್ಟರಿಗೆ 12 ವೋಲ್ಟ್ ಬರುತ್ತಿದ್ದೂ ಹಿಡಿಯದಿದ್ದರೆ ಕ್ಲಚ್ ಕಾಯಿಲ್ ಹೋಗಿದೆ, ಅರ್ಥಿಂಗ್ ವೈರ್ ಸರಿಯಿಲ್ಲ, ಇಲ್ಲವೇ ಸವೆದು ಗ್ಯಾಪ್ ಜಾಸ್ತಿಯಾಗಿದೆ. ಕ್ಲಚ್ ಮಾತ್ರ ಬದಲಾಯಿಸಲು ಸಾಧ್ಯವಿರುವ ಕಡೆ ಇಡೀ ಕಂಪ್ರೆಸರ್ ಹಾಕಿಸಬೇಕಿಲ್ಲ. ವೋಲ್ಟೇಜೇ ಬಾರದಿದ್ದರೆ ಗ್ಯಾಸ್ ತೀರಾ ಕಮ್ಮಿಯಾಗಿ ಪ್ರೆಶರ್ ಸ್ವಿಚ್ ತಡೆದಿರಬಹುದು. ಆ ಸ್ವಿಚ್ಚಿಗೆ ವೈರ್ ಸುತ್ತಿ ಬೈಪಾಸ್ ಮಾಡುವವರಿದ್ದಾರೆ. ಬಿಡಬೇಡಿ. ಕಂಪ್ರೆಸರ್ ಸವೆಯದಂತೆ ಕಾಯುವ ಎಣ್ಣೆ ಗ್ಯಾಸಿನ ಜೊತೆಗೇ ಸುತ್ತುವುದರಿಂದ, ಗ್ಯಾಸ್ ಇಲ್ಲದೆ ತಿರುಗಿದ ಕಂಪ್ರೆಸರ್ ಜಾಮ್ ಆಗುತ್ತದೆ.

ಕೆಲವು ಹೊಸ ಕಾರುಗಳ ಕಂಪ್ರೆಸರಿಗೆ ಕ್ಲಚ್ಚೇ ಇರುವುದಿಲ್ಲ, ಸದ್ದಿಗೆ ಕಾಯಬೇಡಿ. ಹೈಬ್ರಿಡ್, ಎಲೆಕ್ಟ್ರಿಕ್ ಕಾರುಗಳಲ್ಲಿ ಕಿತ್ತಳೆ ಬಣ್ಣದ ವೈರ್ ಕಂಡರೆ ಕೈ ಹಿಂದೆ ತೆಗೆಯಿರಿ. ಅದು ಹೈ ವೋಲ್ಟೇಜ್.

4. ಯಾವಾಗ ಕೈಕೊಡುತ್ತದೆ, ಗಮನಿಸಿ

ಮೆಕ್ಯಾನಿಕ್ಕಿಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬರುವ ಮಾಹಿತಿ ಇದು. ಹೈವೇಯಲ್ಲಿ ತಣ್ಣಗೆ, ಸಿಗ್ನಲಿನಲ್ಲಿ ಬಿಸಿ ಎಂದರೆ ಕಂಡೆನ್ಸರಿಗೆ ಗಾಳಿ ಸಾಲುತ್ತಿಲ್ಲ. ಫ್ಯಾನ್ ತಿರುಗುತ್ತಿಲ್ಲ, ಇಲ್ಲವೇ ಕಂಡೆನ್ಸರ್ ತುಂಬ ಧೂಳು, ಹುಳು. ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಎಸಿ ಓಡುತ್ತಿರುವಾಗ ಗ್ರಿಲ್ ಮೂಲಕ ಕಂಡೆನ್ಸರ್ ಮೇಲೆ ಮೆಲ್ಲಗೆ ನೀರು ಹಾಯಿಸಿ. ಕೂಡಲೇ ಕೂಲಿಂಗ್ ಏರಿದರೆ ನಿಮ್ಮ ಅನುಮಾನ ಸರಿ. ವಾಟರ್ ಸರ್ವೀಸಿನ ಜೋರು ಜೆಟ್ ಮಾತ್ರ ಬೇಡ, ತೆಳು ಫಿನ್‌ಗಳು ಮಡಚಿಕೊಳ್ಳುತ್ತವೆ.

ಅರ್ಧ ಗಂಟೆ ಚೆನ್ನಾಗಿದ್ದು, ಆಮೇಲೆ ಗಾಳಿಯೇ ಕಮ್ಮಿಯಾಗಿ, ಎಸಿ ಆಫ್ ಮಾಡಿ ಸ್ವಲ್ಪ ಹೊತ್ತು ಬಿಟ್ಟರೆ ಸರಿಹೋಗುತ್ತದೆಯೇ? ಕಾಯಿಲ್ ಮೇಲೆ ಐಸ್ ಕಟ್ಟುತ್ತಿದೆ. ಹೆಚ್ಚಾಗಿ ಕಾಯಿಲ್ ಸೆನ್ಸರ್ ಕೆಟ್ಟಿರುತ್ತದೆ. ಡ್ರೈವರ್ ಕಡೆ ಬಿಸಿ, ಇನ್ನೊಂದು ಕಡೆ ತಣ್ಣಗೆ ಬಂದರೆ ಗ್ಯಾಸ್ ಕಮ್ಮಿಯಿರಬಹುದು, ಇಲ್ಲವೇ ಬಿಸಿ-ತಣ್ಣನೆ ಗಾಳಿ ಬೆರೆಸುವ ಬಾಗಿಲು ಸಿಕ್ಕಿಕೊಂಡಿರಬಹುದು.

5. ಲೀಕ್ ಹುಡುಕಿ

ಗ್ಯಾಸ್ ಹೊರಬಿದ್ದ ಕಡೆ ಎಣ್ಣೆಯೂ ಜಿನುಗಿ, ಅದಕ್ಕೆ ಧೂಳು ಅಂಟಿ ಜಿಡ್ಡಾದ ಕಲೆ ಉಳಿಯುತ್ತದೆ. ಟಾರ್ಚ್ ಹಿಡಿದು ಪೈಪುಗಳ ಜಾಯಿಂಟ್, ಕಂಪ್ರೆಸರ್ ಮುಂಭಾಗ, ಕಲ್ಲೇಟು ಬೀಳುವ ಕಂಡೆನ್ಸರ್ ಕೆಳಭಾಗ ಎಲ್ಲ ನೋಡಿ. ಗ್ಯಾಸ್ ತುಂಬುವ ಬಾಯಿಯೊಳಗಿನ ಪಿನ್ ಕೂಡ ಸೋರುತ್ತದೆ, ಅದು ಟೈರ್ ವಾಲ್ವಿನಲ್ಲಿ ಇರುವಂಥದ್ದೇ. ಎಂಜಿನ್ ಆಫ್ ಮಾಡಿ ಸೋಪಿನ ನೀರು ಹಚ್ಚಿದರೆ ದೊಡ್ಡ ಲೀಕಾದರೆ ಗುಳ್ಳೆ ಏಳುತ್ತದೆ. ಸಣ್ಣ ಲೀಕಿಗೆ ಯುವಿ ಡೈ (ಯುವಿ ಲೈಟಿನಲ್ಲಿ ಹೊಳೆಯುವ ಬಣ್ಣ) ಅಥವಾ ಎಲೆಕ್ಟ್ರಾನಿಕ್ ಡಿಟೆಕ್ಟರ್ ಬೇಕು. ಗ್ಯಾಸ್ ಪೂರ್ತಿ ಖಾಲಿಯಾಗಿದ್ದರೆ ಅಂಗಡಿಯವರು ನೈಟ್ರೋಜನ್ ತುಂಬಿಸಿ ನೋಡಬೇಕು. ಆಕ್ಸಿಜನ್ ಖಂಡಿತ ಅಲ್ಲ, ಎಣ್ಣೆಯ ಜೊತೆ ಸೇರಿದರೆ ಸ್ಫೋಟವಾಗಬಹುದು.

ಲೀಕ್ ಮುಚ್ಚುವ ಸೀಲೆಂಟ್ ಡಬ್ಬಿಗಳನ್ನು ನಾನಂತೂ ಹಾಕಿಸಲ್ಲ. ಎಕ್ಸ್‌ಪಾನ್ಶನ್ ವಾಲ್ವಿನ ತೂತನ್ನೇ ಅದು ಮುಚ್ಚಿಬಿಡಬಹುದು. ಸೋರುತ್ತಿರುವುದು ಬರೀ ಓ-ರಿಂಗ್ (ಜಾಯಿಂಟಿನ ರಬ್ಬರ್ ಬಳೆ) ಆಗಿದ್ದರೆ ಕೆಲಸ ಸುಲಭ. ಕೂಲಿಂಗ್ ಕಾಯಿಲ್ ಆಗಿದ್ದರೆ ಅನೇಕ ಕಾರುಗಳಲ್ಲಿ ಡ್ಯಾಶ್‌ಬೋರ್ಡನ್ನೇ ಬಿಚ್ಚಬೇಕು. ಆಗ ಅಗ್ಗದ ಕಾಯಿಲ್ ಹಾಕಿಸಿದರೆ ಕೂಲಿಯನ್ನು ಎರಡು ಸಲ ಕೊಟ್ಟೀರಿ.

6. ಅಂಗಡಿಯಲ್ಲಿ ಪಕ್ಕದಲ್ಲೇ ನಿಲ್ಲಿ

ಇಲ್ಲಿಂದ ಮುಂದೆ ಮನೆಯ ಕೆಲಸವಲ್ಲ. ಹೆಚ್ಚಿನ ಕಾರುಗಳ ಎಸಿಯಲ್ಲಿರುವ ಆರ್-134ಎ ಗ್ಯಾಸ್ ಮೈನಸ್ 26 ಡಿಗ್ರಿಗೇ ಕುದಿಯುತ್ತದೆ, ಕಣ್ಣಿಗೆ ಹಾರಿದರೆ ದೃಷ್ಟಿಗೇ ಅಪಾಯ. ಗಾಳಿಗೆ ಬಿಡುವುದೂ ತಪ್ಪು. ಭೂಮಿಯನ್ನು ಬಿಸಿ ಮಾಡುವುದರಲ್ಲಿ ಇದು ಕಾರ್ಬನ್ ಡೈಆಕ್ಸೈಡಿಗಿಂತ ಸಾವಿರ ಪಟ್ಟು ಮೀರಿದ್ದು. ಉಳಿದ ಗ್ಯಾಸನ್ನು ಮೆಷಿನ್ನಿನಿಂದ ಎಳೆದು ಹಿಡಿಯಬೇಕು.

ಎಂಜಿನ್ ಆಫ್ ಇದ್ದಾಗಲೇ ಒತ್ತಡ ಅಳೆಯುವ ಗೇಜ್ ತೋರಿಸಿ "ಗ್ಯಾಸ್ ಇದೆ" ಎಂದರೆ ನಂಬಬೇಡಿ. 30 ಡಿಗ್ರಿ ಬಿಸಿಯಲ್ಲಿ ಎರಡೂ ಮುಳ್ಳು ಸುಮಾರು 95 ಪಿಎಸ್‌ಐ ತೋರಿಸುತ್ತವೆ. ಒಳಗೆ ಅರ್ಧವೇ ಗ್ಯಾಸ್ ಇದ್ದರೂ ಅಷ್ಟೇ. ಎಸಿ ಓಡುತ್ತಿರುವಾಗ ನೋಡಬೇಕು. 35 ಡಿಗ್ರಿ ಬಿಸಿಲಿನಲ್ಲಿ ಲೋ ಸೈಡ್ (ಕಂಪ್ರೆಸರಿಗೆ ಗ್ಯಾಸ್ ಬರುವ ಕಡೆ) ಹೆಚ್ಚುಕಮ್ಮಿ 30ರಿಂದ 45, ಹೈ ಸೈಡ್ (ಒತ್ತಿದ ಗ್ಯಾಸ್ ಹೊರಹೋಗುವ ಕಡೆ) 200ರಿಂದ 250 ಪಿಎಸ್‌ಐ ಇದ್ದರೆ ಸರಿ. ಎರಡೂ ಕಮ್ಮಿ ಎಂದರೆ ಗ್ಯಾಸ್ ಕಮ್ಮಿ. ಎರಡೂ ಜಾಸ್ತಿ ಎಂದರೆ ಗ್ಯಾಸ್ ಹೆಚ್ಚಾಗಿದೆ, ಒಳಗೆ ಗಾಳಿ ಸೇರಿದೆ, ಇಲ್ಲವೇ ಕಂಡೆನ್ಸರ್ ತಣ್ಣಗಾಗುತ್ತಿಲ್ಲ. ಲೋ ಏರಿ, ಹೈ ಇಳಿದಿದ್ದರೆ ಕಂಪ್ರೆಸರ್ ಒತ್ತುವ ಶಕ್ತಿ ಕಳೆದುಕೊಂಡಿದೆ.

ಕಂಪ್ರೆಸರ್ ಒಳಗೇ ಪುಡಿಯಾಗಿದ್ದರೆ ಲೋಹದ ಚೂರು ಎಲ್ಲ ಕಡೆ ಹರಡಿರುತ್ತದೆ. ಪೈಪುಗಳನ್ನು ಫ್ಲಶ್ ಮಾಡಬೇಕು, ತೇವ ಹೀರುವ ಡ್ರೈಯರ್ ಮತ್ತು ಎಕ್ಸ್‌ಪಾನ್ಶನ್ ವಾಲ್ವ್ ಹೊಸದು ಹಾಕಬೇಕು. ಈಗಿನ ಸಣ್ಣ ದಾರಿಗಳ ಕಂಡೆನ್ಸರ್ ಪೂರ್ತಿ ತೊಳೆದು ಬರುವುದಿಲ್ಲ, ಅದನ್ನೂ ಬದಲಾಯಿಸುವುದೇ ಒಳ್ಳೆಯದು. ಬರೀ ಕಂಪ್ರೆಸರ್ ಹಾಕಿದರೆ ಹೊಸದೂ ಬೇಗ ಹೋಗುತ್ತದೆ.

7. ವ್ಯಾಕ್ಯೂಮ್, ತೂಕ, ಬಿಲ್

ರಿಪೇರಿ ಆದಮೇಲೆ ಅರ್ಧ ಗಂಟೆಯಾದರೂ ವ್ಯಾಕ್ಯೂಮ್ ಎಳೆಯಬೇಕು. ಒಳಗಿನ ಗಾಳಿ, ತೇವ ಹೋಗುವುದು ಆಗಲೇ. ಪಂಪ್ ನಿಲ್ಲಿಸಿ ಹದಿನೈದು ನಿಮಿಷ ಕಾದಾಗ ಮುಳ್ಳು ಅಲ್ಲಾಡಬಾರದು. ಅಲ್ಲಾಡಿದರೆ ಗ್ಯಾಸ್ ಹಾಕಲು ಬಿಡಬೇಡಿ.

ಎಷ್ಟು ಗ್ರಾಂ, ಯಾವ ಗ್ಯಾಸ್ ಎಂದು ಬಾನೆಟ್ ಕೆಳಗಿನ ಸ್ಟಿಕ್ಕರಿನಲ್ಲಿ ಬರೆದಿರುತ್ತದೆ. ಸಣ್ಣ ಕಾರಿಗೆ ಸಾಮಾನ್ಯವಾಗಿ ಅರ್ಧ ಕಿಲೋ ಕೂಡ ಬೇಡ. ಐವತ್ತು-ನೂರು ಗ್ರಾಂ ಹೆಚ್ಚಾದರೂ ಕೂಲಿಂಗ್ ಇಳಿಯುತ್ತದೆ, ಹಾಗಾಗಿ ತಕ್ಕಡಿ ಮೇಲಿಟ್ಟು ತೂಗಿಯೇ ಹಾಕಬೇಕು. ಕೆಲವು ಹೊಸ ಕಾರುಗಳಲ್ಲಿ ಆರ್-134ಎ ಬದಲು ಆರ್-1234ವೈಎಫ್ ಎಂಬ ಗ್ಯಾಸ್ ಇರುತ್ತದೆ. ಎರಡನ್ನೂ ಬೆರೆಸುವಂತಿಲ್ಲ. ಅಗ್ಗಕ್ಕೆ ಸಿಗುತ್ತದೆಂದು ಎಲ್‌ಪಿಜಿ ಥರದ ಗ್ಯಾಸ್ ಹಾಕುವವರೂ ಇದ್ದಾರೆ. ಕೂಲಿಂಗ್ ಕಾಯಿಲ್ ಇರುವುದು ನಿಮ್ಮ ಮೊಣಕಾಲಿನ ಮುಂದೆ, ಅಲ್ಲಿ ಲೀಕಾದರೆ ಕಾರಿನೊಳಗೇ ಬೆಂಕಿಯ ಅಪಾಯ.

ಬಿಲ್ಲಿನಲ್ಲಿ ಹಳೆಯ ಗ್ಯಾಸ್ ಎಷ್ಟು ಸಿಕ್ಕಿತು, ಹೊಸದು ಎಷ್ಟು ಗ್ರಾಂ ಹಾಕಿದರು, ಯಾವ ಜಾಯಿಂಟ್ ಸರಿಮಾಡಿದರು ಎಂದು ಬರೆಸಿಕೊಳ್ಳಿ. ವೆಂಟಿನಲ್ಲಿ ಥರ್ಮಾಮೀಟರ್ ಇಟ್ಟು ಬಂದ ಡಿಗ್ರಿಯನ್ನೂ ಅದರ ಮೇಲೇ ಗೀಚಿ. ತಿಂಗಳು ಬಿಟ್ಟು ಅದೇ ರೀತಿ ಅಳೆದು ನೋಡಿ. ಐದಾರು ಡಿಗ್ರಿ ಏರಿದ್ದರೆ ಬಿಲ್ ಹಿಡಿದು ವಾಪಸ್ ಹೋಗಿ, ಮತ್ತೆ ಗ್ಯಾಸ್ ಹಾಕಿ ಅನ್ನಬೇಡಿ, ಲೀಕ್ ಹುಡುಕಿ ಅನ್ನಿ.