ಹೊಡೆಯೋ ಮೊದಲು ಎಲೆ ಮಗುಚಿ ನೋಡಿ

ಸಾವಯವಕ್ಕೆ ಬಂದ ಮೊದಲ ವರ್ಷ ಹುಳ ಕಂಡ ಕೂಡಲೇ ಬೇವಿನ ಕಷಾಯ ಹೊಡೆಯುತ್ತಿದ್ದೆ. ಕ್ಯಾನಿನಲ್ಲಿರೋದು ಬದಲಾಗಿತ್ತು ಅಷ್ಟೇ, ಅಭ್ಯಾಸ ಹಳೆಯದೇ.

ಆ ವರ್ಷ ಅಲಸಂದೆಗೆ ಹೇನು ಬಿದ್ದು ಕುಡಿಗಳೆಲ್ಲ ಕಪ್ಪಾದವು. ಹೇನಿನ ನಡುವೆ ಬೂದು ಮೈ, ಕಿತ್ತಳೆ ಚುಕ್ಕೆ, ನೋಡೋಕೆ ಮೊಸಳೆಮರಿ ತರದ ಹುಳಗಳೂ ಓಡಾಡುತ್ತಿದ್ದವು. ಇವೇ ಗಿಡ ತಿನ್ನುತ್ತಿವೆ ಅಂದುಕೊಂಡು ಆರಿಸಿ ಆರಿಸಿ ಹೊಸಕಿಹಾಕಿದೆ. ಅವು ಗುಲಗಂಜಿ ಹುಳುವಿನ ಮರಿಗಳು ಅಂತ ಗೊತ್ತಾದಾಗ ಬೆಳೆ ಮುಗಿದಿತ್ತು. ಈಗಲೂ ನೆನೆಸಿಕೊಂಡರೆ ಬೇಜಾರಾಗುತ್ತದೆ.

ಮುಂದಿನ ಬೆಳೆಯಲ್ಲಿ ಸುಮ್ನೆ ಗಿಡದ ಪಕ್ಕ ಕೂತು ನೋಡಿದೆ. ಒಂದು ಮರಿ ಹೇನನ್ನು ಕಚ್ಚಿ ಹಿಡಿದು, ರಸ ಹೀರಿ, ಸಿಪ್ಪೆ ಬಿಟ್ಟು ಪಕ್ಕದ್ದಕ್ಕೆ ಹೋಗುತ್ತಿತ್ತು. ಅಲ್ಲೇ ಕೆಲವು ಹೇನು ಊದಿಕೊಂಡು ಕಂದು ಬಣ್ಣಕ್ಕೆ ತಿರುಗಿದ್ದವು, ಬೆನ್ನ ಮೇಲೆ ದುಂಡನೆಯ ತೂತು. ಹೇನಿನ ಮೈಯೊಳಗೇ ಬೆಳೆದ ಪುಟ್ಟ ಕಣಜ ಹೊರಬಂದ ಗುರುತು ಅದು. ಇವೆರಡೂ ಕಂಡ ಸಾಲಿಗೆ ನಾನೀಗ ಏನೂ ಹೊಡೆಯುವುದಿಲ್ಲ. ಇರುವೆ ಜಾಸ್ತಿ ಇದ್ದರೆ ಮಾತ್ರ ಹುಷಾರು, ಹೇನು ಬಿಡುವ ಸಿಹಿ ಅಂಟಿನ ಆಸೆಗೆ ಅವು ಹೇನನ್ನೇ ಕಾಯುತ್ತವೆ, ಗುಲಗಂಜಿ ಮರಿಗಳನ್ನು ಓಡಿಸುತ್ತವೆ.

ಟೊಮೆಟೊ ಕಾಯಿಕೊರಕಕ್ಕೆ ಹೀಗೆ ಕಾಯುತ್ತ ಕೂತರೆ ಆಗುವುದಿಲ್ಲ. ಹುಳ ಕಾಯಿಯೊಳಗೆ ಹೊಕ್ಕ ಮೇಲೆ ಯಾವ ಸಿಂಪಡಣೆಯೂ ತಲುಪಲ್ಲ, ಅಲ್ವಾ? ಅದಕ್ಕೆ ಎಕರೆಗೆ 5 ಮೋಹಕ ಬಲೆ (ಹೆಣ್ಣಿನ ವಾಸನೆಯಿಂದ ಈ ಹುಳದ ಗಂಡು ಪತಂಗವನ್ನು ಸೆಳೆದು ಹಿಡಿಯುವ ಬಲೆ) ಕಟ್ಟುತ್ತೇನೆ. ಪತಂಗ ಬೀಳತೊಡಗಿದರೆ ಮರುದಿನದಿಂದಲೇ ತುದಿಯ ಎಲೆಗಳಲ್ಲಿ ಮೊಟ್ಟೆ ಹುಡುಕುತ್ತೇನೆ, ಒಂದೊಂದೇ ಬಿಡಿಬಿಡಿಯಾಗಿ ಅಂಟಿರುತ್ತವೆ. 16 ಸಾಲು ಟೊಮೆಟೊಗೆ ಒಂದು ಸಾಲು ಚೆಂಡು ಹೂ. ನಾಟಿ ದಿನ ಟೊಮೆಟೊ ಸಸಿಗೆ 25 ದಿನ ಆಗಿದ್ದರೆ ಚೆಂಡು ಹೂ ಸಸಿಗೆ 40 ದಿನ ಆಗಿರಬೇಕು, ಆಗಲೇ ಎರಡೂ ಒಟ್ಟಿಗೆ ಹೂ ಬಿಟ್ಟು ಪತಂಗ ಚೆಂಡು ಹೂವಿನ ಕಡೆ ಹೋಗುತ್ತದೆ.

ಬೇವು ಬಿಟ್ಟಿಲ್ಲ. 5 ಕೆಜಿ ಬೇವಿನ ಬೀಜದ ಪುಡಿ, 10 ಲೀಟರ್ ನೀರಲ್ಲಿ ರಾತ್ರಿಯಿಡೀ ನೆನೆಸಿ, ಸೋಸಿ, 100 ಲೀಟರ್ ಮಾಡಿ, ಎಲೆಗೆ ಅಂಟಲು ಸ್ವಲ್ಪ ಸೋಪು ಸೇರಿಸುತ್ತೇನೆ. ಬಿಸಿಲಿಗೆ ಅದರ ಸತ್ವ ಬೇಗ ಹಾಳಾಗುತ್ತದೆ, ಹಾಗಾಗಿ ಸಂಜೆಯೇ ಹೊಡೆಯಬೇಕು. ಮರುದಿನ ಹುಳ ಸತ್ತಿಲ್ಲ ಅಂತ ಮತ್ತೆ ಹೊಡೆಯಬೇಡಿ. ಬೇವು ಹುಳ ತಿನ್ನುವುದನ್ನು ನಿಲ್ಲಿಸುತ್ತದೆ, ಪೊರೆ ಕಳಚದಂತೆ ಮಾಡುತ್ತದೆ, ಅದಕ್ಕೆ ಕೆಲವು ದಿನ ಬೇಕು. ಬಲಿತ ಹುಳಕ್ಕೆ ಅಷ್ಟಾಗಿ ತಾಗುವುದಿಲ್ಲ, ಅವನ್ನು ಕೈಯಲ್ಲೇ ಆರಿಸುತ್ತೇನೆ.

ತೂತಾದ ಕಾಯಿ ಕಿತ್ತರೆ ಬದುವಿನ ಮೇಲೆ ಬಿಸಾಡಬೇಡಿ. ಒಳಗಿನ ಹುಳ ಮಣ್ಣಿಗಿಳಿದು ಕೋಶವಾಗಿ ಮತ್ತೆ ಪತಂಗವಾಗಿ ಬರುತ್ತದೆ. ನಾನು ಬಕೆಟ್ ಹಿಡಿದೇ ಹೋಗುತ್ತೇನೆ, ತೂತು ಕಾಯಿ ಎಲ್ಲ ಸೋಪಿನ ನೀರಿಗೆ.