ಐದು ಸ್ಥಾನ, ಹತ್ತಾರು ಹಕ್ಕುದಾರರು: ರಾಷ್ಟ್ರೀಯ ಚೆಸ್ ತಂಡದ ಆಯ್ಕೆ ಹೇಗೆ?

2024ರ ಸೆಪ್ಟೆಂಬರ್‌ನಲ್ಲಿ ಬುಡಾಪೆಸ್ಟ್‌ನಲ್ಲಿ ದೇಶಗಳ ತಂಡಗಳು ಸೆಣಸುವ ಚೆಸ್ ಒಲಿಂಪಿಯಾಡ್ ನಡೆದಾಗ ಭಾರತದ ಓಪನ್ (ಎಲ್ಲರಿಗೂ ಮುಕ್ತ) ತಂಡದಲ್ಲಿ ಎಲ್ಲರಿಗಿಂತ ಹೆಚ್ಚು ರೇಟಿಂಗ್ (ಪಂದ್ಯಗಳ ಫಲಿತಾಂಶದಿಂದ ಆಟಗಾರನ ಬಲ ಅಳೆಯುವ ಅಂಕಿ) ಇದ್ದದ್ದು ಅರ್ಜುನ್ ಎರಿಗೈಸಿ ಅವರಿಗೆ. ತಂಡದ ನಾಲ್ವರು ಕ್ರಮವಾಗಿ ಕೂರುವ ನಾಲ್ಕು ಬೋರ್ಡ್‌ಗಳಲ್ಲಿ ಅವರನ್ನು ಕೂರಿಸಿದ್ದು ಮಾತ್ರ ಮೂರನೆಯದರಲ್ಲಿ. ಮೊದಲ ಬೋರ್ಡ್‌ನಲ್ಲಿ ಡಿ. ಗುಕೇಶ್, ಎರಡನೆಯದರಲ್ಲಿ ಆರ್. ಪ್ರಜ್ಞಾನಂದ ಆಡಿದರು. ಕೊನೆಗೆ ಅರ್ಜುನ್ 11 ಪಂದ್ಯಗಳಲ್ಲಿ 10 ಅಂಕ ಗಳಿಸಿದರೆ, ಗುಕೇಶ್ 10 ಪಂದ್ಯಗಳಲ್ಲಿ 9 ಅಂಕ ತಂದರು. ತಂಡ 22ರಲ್ಲಿ 21 ಅಂಕಗಳೊಂದಿಗೆ ಚಿನ್ನ ಗೆದ್ದಿತು.

ರೇಟಿಂಗ್ ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ಓದಿದರೆ ತಂಡ ತಾನಾಗಿ ಸಿದ್ಧವಾಗುತ್ತದೆ ಎಂದು ತಿಳಿದವರು ಬಹಳ ಮಂದಿ. ಚೆಸ್ ತಂಡದ ಆಯ್ಕೆಯಲ್ಲಿ ಎರಡು ಬೇರೆ ಬೇರೆ ಕೆಲಸಗಳಿವೆ. ಯಾರು ತಂಡದಲ್ಲಿರಬೇಕು ಎಂಬುದನ್ನು ಮೊದಲೇ ಬರೆದಿಟ್ಟ ನಿಯಮ ಹೇಳಬೇಕು. ಯಾರು ಎಲ್ಲಿ ಕೂರಬೇಕು ಎಂಬುದನ್ನು ಆಟ ಬಲ್ಲವರ ವಿವೇಚನೆ ಹೇಳಬೇಕು. ಈ ಎರಡನ್ನು ಕಲಸಿಬಿಟ್ಟಾಗಲೇ ಆಯ್ಕೆಯ ಸುತ್ತ ಜಗಳ ಏಳುವುದು. ಆಯ್ಕೆ ಸಮಿತಿಯಲ್ಲಿ ಕೂರುವವರಿಗೂ, ತಂಡದ ಮೇಲೆ ಕಣ್ಣಿಟ್ಟು ಆಡುತ್ತಿರುವವರಿಗೂ, ಪತ್ರಿಕೆಯಲ್ಲಿ ಹೆಸರುಗಳನ್ನು ಓದಿ ‘ಅವರೇಕೆ ಇಲ್ಲ?’ ಎಂದು ಕೇಳುವವರಿಗೂ ಹೆಜ್ಜೆ ಹೆಜ್ಜೆಯಾಗಿ ಇಲ್ಲಿ ವಿವರಿಸಿದ್ದೇನೆ.

ಹೆಜ್ಜೆ 1: ಯಾವ ಟೂರ್ನಿಗೆ ತಂಡ ಬೇಕು?

ಎರಡು ವರ್ಷಕ್ಕೊಮ್ಮೆ ನಡೆಯುವ ಒಲಿಂಪಿಯಾಡ್‌ಗೆ ಓಪನ್ ಮತ್ತು ಮಹಿಳಾ ವಿಭಾಗಗಳಲ್ಲಿ ತಲಾ ಐವರು ಬೇಕು. ನಾಲ್ವರು ಆಡುತ್ತಾರೆ, ಒಬ್ಬರು ಮೀಸಲು. 11 ಸುತ್ತುಗಳ ಸ್ವಿಸ್ ಪದ್ಧತಿ, ಅಂದರೆ ಪ್ರತಿ ಸುತ್ತಿನಲ್ಲೂ ಹೆಚ್ಚುಕಡಿಮೆ ಸಮ ಅಂಕದ ತಂಡಗಳು ಎದುರುಬದುರಾಗುತ್ತವೆ. ಹಿಂದೆ ಓಪನ್ ತಂಡದಲ್ಲಿ ಇಬ್ಬರು ಮೀಸಲು ಆಟಗಾರರಿರುತ್ತಿದ್ದರು, ಮಹಿಳೆಯರಿಗೆ ಮೂರೇ ಬೋರ್ಡ್‌ಗಳಿದ್ದವು. ಈಗಿನ ಸ್ವರೂಪ ಬಂದದ್ದು 2008ರ ಡ್ರೆಸ್ಡೆನ್ ಒಲಿಂಪಿಯಾಡ್‌ನಿಂದ. ಅದೇ ಸಲ ಬಂದ ಇನ್ನೊಂದು ಬದಲಾವಣೆ ಆಯ್ಕೆಯ ಲೆಕ್ಕಾಚಾರವನ್ನೇ ತಿರುಗಿಸಿತು. ಅಲ್ಲಿಯವರೆಗೆ ಆಟಗಾರರು ಗಳಿಸಿದ ಒಟ್ಟು ಅಂಕ ಮುಖ್ಯವಾಗಿತ್ತು. ಅಲ್ಲಿಂದ ಮುಂದೆ ತಂಡ ಗೆದ್ದರೆ 2, ಸಮವಾದರೆ 1, ಸೋತರೆ 0. 4–0ಯಿಂದ ಗೆದ್ದರೂ 2.5–1.5ರಿಂದ ಗೆದ್ದರೂ ಸಿಗುವುದು ಅಷ್ಟೇ ಅಂಕ. ಹೀಗಾಗಿ ಮೂವರು ಡ್ರಾ ಮಾಡಿ ಒಬ್ಬರು ಗೆದ್ದರೂ ಸಾಕು. ಸುಲಭಕ್ಕೆ ಸೋಲದ ಆಟಗಾರನ ಬೆಲೆ ಆಗಲೇ ಏರಿತು.

ಎಲ್ಲ ಟೂರ್ನಿಗಳಿಗೂ ಇದೇ ಅಳತೆಯಲ್ಲ. 2020ರ ಆನ್‌ಲೈನ್ ಒಲಿಂಪಿಯಾಡ್‌ನಲ್ಲಿ ಪ್ರತಿ ತಂಡಕ್ಕೂ ಆರು ಬೋರ್ಡ್‌ಗಳಿದ್ದವು: ಎರಡು ಎಲ್ಲರಿಗೂ ಮುಕ್ತ, ಎರಡು ಮಹಿಳೆಯರಿಗೆ, ಉಳಿದೆರಡು 20 ವರ್ಷದೊಳಗಿನ ಹುಡುಗ ಮತ್ತು ಹುಡುಗಿಗೆ. ಅಂಥ ಕಡೆ ಒಳ್ಳೆಯ ಕಿರಿಯ ಆಟಗಾರ್ತಿ ಇಲ್ಲದ ದೇಶ ಗ್ರ್ಯಾಂಡ್‌ಮಾಸ್ಟರ್‌ಗಳ ದಂಡನ್ನೇ ಇಟ್ಟುಕೊಂಡಿದ್ದರೂ ಕೊರತೆಯಲ್ಲೇ ಆಡಬೇಕು. ಆದ್ದರಿಂದ ಟೂರ್ನಿಯ ನಿಯಮಾವಳಿಯನ್ನು ಮೊದಲು ಓದಿ, ಹೆಸರುಗಳ ಮಾತು ಆಮೇಲೆ.

ಹೆಜ್ಜೆ 2: ಆಡಲು ಅರ್ಹರು ಯಾರು?

ಪ್ರತಿ ಆಟಗಾರನ ಹೆಸರಿನ ಮುಂದೆ ವಿಶ್ವ ಚೆಸ್ ಸಂಸ್ಥೆಯಾದ ಫಿಡೆಯ ದಾಖಲೆಯಲ್ಲಿ ಒಂದು ದೇಶದ ಫೆಡರೇಷನ್ ನಮೂದಾಗಿರುತ್ತದೆ. ತಂಡದಲ್ಲಿ ಆಡಲು ಬೇಕಾದದ್ದು ಆ ನಮೂದು. ಫೆಡರೇಷನ್ ಬದಲಿಸಲು ಅವಕಾಶವಿದೆ, ಆದರೆ ಅದಕ್ಕೆ ಶುಲ್ಕ, ಕಾಯುವ ಅವಧಿ ಮುಂತಾದ ನಿಯಮಗಳಿವೆ. ಫಿಲಿಪ್ಪೀನ್ಸ್‌ನ ವೆಸ್ಲಿ ಸೊ 2014ರಲ್ಲಿ, ಇಟಲಿಯ ಪರ ಆಡುತ್ತಿದ್ದ ಫ್ಯಾಬಿಯಾನೊ ಕರುವಾನಾ 2015ರಲ್ಲಿ ಅಮೆರಿಕಕ್ಕೆ ಬಂದರು. 2016ರಲ್ಲಿ ಬಾಕುವಿನಲ್ಲಿ ಅಮೆರಿಕ ಚಿನ್ನ ಗೆದ್ದಿತು. ಮುಂದೆ ಅರ್ಮೇನಿಯಾದ ಲೆವೊನ್ ಅರೋನಿಯನ್ ಕೂಡ ಅಲ್ಲಿಗೇ ಹೋದರು. ಆದರೆ 2022ರ ಚೆನ್ನೈ ಒಲಿಂಪಿಯಾಡ್‌ನಲ್ಲಿ ಅಗ್ರ ಶ್ರೇಯಾಂಕದ ಅಮೆರಿಕ ಪದಕವಿಲ್ಲದೆ ಮರಳಿತು. ಅರೋನಿಯನ್ ಇಲ್ಲದ ಅರ್ಮೇನಿಯಾ ಬೆಳ್ಳಿ ಗೆದ್ದಿತು.

ಓಪನ್ ವಿಭಾಗವನ್ನು ಪುರುಷರ ವಿಭಾಗ ಎಂದು ಬರೆಯುವುದು ತಪ್ಪು. ಅಲ್ಲಿ ಮಹಿಳೆಯರೂ ಆಡಬಹುದು. ಯೂಡಿಟ್ ಪೋಲ್ಗಾರ್ 2002ರಲ್ಲೂ 2014ರಲ್ಲೂ ಹಂಗೆರಿಯ ಓಪನ್ ತಂಡದಲ್ಲಿದ್ದು ಬೆಳ್ಳಿ ಗೆದ್ದವರು. ಒಲಿಂಪಿಯಾಡ್‌ಗೆ ವಯಸ್ಸಿನ ಮಿತಿಯೂ ಇಲ್ಲ, ಬಿರುದು ಇರಲೇಬೇಕೆಂಬ ಷರತ್ತೂ ಇಲ್ಲ.

ಹೆಜ್ಜೆ 3: ಹೆಸರಿಗಿಂತ ಮೊದಲು ನಿಯಮ

ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ ಇದೇ, ಹೆಚ್ಚಾಗಿ ಎಡವುವುದೂ ಇಲ್ಲಿಯೇ. ಎಷ್ಟು ಸ್ಥಾನ ರೇಟಿಂಗ್‌ಗೆ, ಎಷ್ಟು ರಾಷ್ಟ್ರೀಯ ಚಾಂಪಿಯನ್‌ಷಿಪ್‌ಗೆ, ಎಷ್ಟು ಸಮಿತಿಯ ವಿವೇಚನೆಗೆ ಎಂಬುದು ಪ್ರಕಟವಾಗಬೇಕು. ಯಾವ ತಿಂಗಳ ಪಟ್ಟಿಯನ್ನು ಪರಿಗಣಿಸುತ್ತಾರೆ, ಕನಿಷ್ಠ ಎಷ್ಟು ಪಂದ್ಯ ಆಡಿರಬೇಕು, ಅಂಕ ಸಮವಾದರೆ ಏನು, ಒಬ್ಬರು ಹಿಂದೆ ಸರಿದರೆ ಯಾರು ಎಂಬುದೂ ಅದರಲ್ಲಿರಬೇಕು. ಇದೆಲ್ಲ ಲೆಕ್ಕದ ಅವಧಿ ಆರಂಭವಾಗುವ ಮೊದಲೇ ಆಗಬೇಕು. ಪಟ್ಟಿ ಕಣ್ಣೆದುರು ಇಟ್ಟುಕೊಂಡು ನಿಯಮ ಬರೆದರೆ, ಬರೆದವರ ಮನಸ್ಸು ಎಷ್ಟೇ ಶುದ್ಧವಾಗಿರಲಿ, ಆ ನಿಯಮ ಯಾರದೋ ಹೆಸರಿಗೆ ಹೊಲಿದ ಅಂಗಿಯಂತೆ ಕಾಣುತ್ತದೆ. ಆಟಗಾರನಿಗೆ ಇದು ಜೀವನದ ಪ್ರಶ್ನೆ. ಯಾವ ಟೂರ್ನಿ ಆಡಬೇಕು, ಯಾವುದನ್ನು ಬಿಡಬೇಕು ಎಂದು ಆತ ತಿಂಗಳುಗಟ್ಟಲೆ ಮುಂಚೆ ನಿರ್ಧರಿಸುತ್ತಾನೆ. ನಿಯಮ ಗೊತ್ತಿಲ್ಲದೆ ಆ ನಿರ್ಧಾರ ಮಾಡು ಎನ್ನುವುದು ಅನ್ಯಾಯ.

ಹೆಜ್ಜೆ 4: ರೇಟಿಂಗ್ ಲೆಕ್ಕ

1970ರಲ್ಲಿ ಫಿಡೆ ಒಪ್ಪಿಕೊಂಡ ಎಲೊ ಪದ್ಧತಿಯೇ ಇಂದಿಗೂ ಆಧಾರ. ಪಟ್ಟಿ ಪ್ರತಿ ತಿಂಗಳ ಒಂದನೇ ತಾರೀಖಿಗೆ ಬರುತ್ತದೆ. ಒಂದೇ ತಿಂಗಳ ಪಟ್ಟಿ ಹಿಡಿಯಬೇಕೋ, ಹಲವು ತಿಂಗಳ ಸರಾಸರಿ ಹಿಡಿಯಬೇಕೋ ಎಂಬುದೇ ಮೊದಲ ಪ್ರಶ್ನೆ.

ಒಂದು ಲೆಕ್ಕ ಹಾಕಿ ನೋಡೋಣ. ಒಬ್ಬ ಆಟಗಾರನ ಆರು ತಿಂಗಳ ರೇಟಿಂಗ್ ಕ್ರಮವಾಗಿ 2610, 2612, 2618, 2640, 2652, 2660. ಸರಾಸರಿ 2632. ಇನ್ನೊಬ್ಬನದು ಆರೂ ತಿಂಗಳು 2645. ಸರಾಸರಿ ಹಿಡಿದರೆ ಎರಡನೆಯವನು ಮುಂದೆ, ಕೊನೆಯ ಪಟ್ಟಿ ಹಿಡಿದರೆ ಮೊದಲನೆಯವನು ಮುಂದೆ. ಎರಡನೆಯವನ ಅಂಕಿ ಒಂದಿಷ್ಟೂ ಅಲುಗಾಡಿಲ್ಲವೇಕೆ? ಬಹುಶಃ ಆ ಆರು ತಿಂಗಳಲ್ಲಿ ಆತ ರೇಟಿಂಗ್ ಇರುವ ಒಂದು ಪಂದ್ಯವನ್ನೂ ಆಡಿಲ್ಲ! ಬೋರ್ಡ್ ಮುಂದೆ ಕೂರದೇ ಇರುವುದೇ ಸ್ಥಾನ ಕಾಯ್ದುಕೊಳ್ಳುವ ದಾರಿಯಾಗಬಾರದು ಎಂಬ ಕಾರಣಕ್ಕೇ ಕನಿಷ್ಠ ಪಂದ್ಯಗಳ ಷರತ್ತು ಬೇಕು.

ದೊಡ್ಡ ಆಟಗಾರರು ದೇಶದೊಳಗಿನ ಟೂರ್ನಿಗಳಿಂದ ಏಕೆ ದೂರ ಉಳಿಯುತ್ತಾರೆ ಎಂಬುದಕ್ಕೂ ಉತ್ತರ ಇದೇ ಲೆಕ್ಕದಲ್ಲಿದೆ. ಪಂದ್ಯದ ಫಲಕ್ಕೂ ನಿರೀಕ್ಷಿತ ಫಲಕ್ಕೂ ಇರುವ ಅಂತರವನ್ನು ಒಂದು ಗುಣಕದಿಂದ ಗುಣಿಸಿದಷ್ಟು ರೇಟಿಂಗ್ ಬದಲಾಗುತ್ತದೆ; 2400 ದಾಟಿದವರಿಗೆ ಆ ಗುಣಕ 10. ತನಗಿಂತ 200 ಅಂಕ ಕಡಿಮೆ ಇರುವವರ ಎದುರು ಅವರಿಂದ ನಿರೀಕ್ಷಿತ ಫಲ 0.76 (ಗೆಲುವಿಗೆ 1, ಡ್ರಾಗೆ ಅರ್ಧ, ಸೋಲಿಗೆ 0 ಎಂಬ ಲೆಕ್ಕದಲ್ಲಿ). ಗೆದ್ದರೆ 2.4 ಅಂಕ ಬರುತ್ತದೆ, ಡ್ರಾ ಆದರೆ 2.6 ಹೋಗುತ್ತದೆ, ಸೋತರೆ 7.6 ಹೋಗುತ್ತದೆ. ಒಂದು ಸೋಲಿನ ಗಾಯ ಮಾಯಲು ಅಂಥವರ ಮೇಲೆ ಮೂರಕ್ಕೂ ಹೆಚ್ಚು ಗೆಲುವು ಬೇಕು. ರಾಷ್ಟ್ರೀಯ ಚಾಂಪಿಯನ್‌ಷಿಪ್‌ಗೆ ಮೇಲಿನವರೂ ಬರಬೇಕೆಂದರೆ, ಬಂದವರಿಗೆ ಆಯ್ಕೆಯಲ್ಲಿ ಏನಾದರೂ ಸಿಗುವಂತೆ ನಿಯಮ ಇರಬೇಕು. ‘ದೇಶಾಭಿಮಾನ ಇಲ್ಲ’ ಎಂದು ಅವರನ್ನು ದೂರುವುದರಿಂದ ಏನೂ ಬದಲಾಗದು.

ಅಂಕಿಯೊಂದನ್ನೇ ನೆಚ್ಚಿಕೊಂಡರೆ ಏನಾಗುತ್ತದೆ ಎಂಬುದಕ್ಕೆ ವಿಶ್ವ ಚಾಂಪಿಯನ್‌ಷಿಪ್ ಪಂದ್ಯದ ಸವಾಲುಗಾರನನ್ನು ಆರಿಸುವ ಕ್ಯಾಂಡಿಡೇಟ್ಸ್ ಟೂರ್ನಿಯ ಪ್ರಸಂಗಗಳಿವೆ. ತಂಡದ ಆಯ್ಕೆ ಅಲ್ಲದಿದ್ದರೂ ಪಾಠ ಅದೇ. 2022ರಲ್ಲಿ ಚೀನಾದ ಡಿಂಗ್ ಲಿರೆನ್ ಕನಿಷ್ಠ 30 ಪಂದ್ಯಗಳ ಷರತ್ತು ಪೂರೈಸಲು ತರಾತುರಿಯಲ್ಲಿ ಏರ್ಪಡಿಸಿದ ಪಂದ್ಯಗಳನ್ನು ಸಾಲಾಗಿ ಆಡಬೇಕಾಯಿತು. 2023ರ ಕೊನೆಯಲ್ಲಿ ಫ್ರಾನ್ಸ್‌ನ ಅಲಿರೆಜಾ ಫಿರೋಜ್ಜಾ ರೇಟಿಂಗ್ ಏರಿಸಿಕೊಳ್ಳಲೆಂದೇ ಏರ್ಪಾಡಾದ ಪಂದ್ಯಗಳನ್ನು ಫಿಡೆ ಲೆಕ್ಕಕ್ಕೆ ಹಿಡಿಯಲಿಲ್ಲ. ಅವರು ರೂವಾನ್ ನಗರದ ಓಪನ್ ಟೂರ್ನಿಯಲ್ಲಿ ಏಳಕ್ಕೆ ಏಳೂ ಗೆದ್ದು ಸ್ಥಾನ ಪಡೆದರು. ಆಮೇಲೆ ಫಿಡೆ ರೇಟಿಂಗ್ ಸ್ಥಾನಕ್ಕೆ ಒಂದು ತಿಂಗಳ ಬದಲು ಆರು ತಿಂಗಳ ಸರಾಸರಿಗೆ ಬಂತು. ನನ್ನ ಅಭಿಪ್ರಾಯದಲ್ಲಿ ರಾಷ್ಟ್ರೀಯ ತಂಡಕ್ಕೂ ಅದೇ ಸರಿ: ಆರು ತಿಂಗಳ ಸರಾಸರಿ, ಜೊತೆಗೆ ಕನಿಷ್ಠ ಪಂದ್ಯಗಳ ಷರತ್ತು. ಮೊದಲ ಮೂರು ಸ್ಥಾನಗಳನ್ನು ಹೀಗೆ ತುಂಬಬೇಕು, ಅದರಲ್ಲಿ ಸಮಿತಿ ಕೈಹಾಕಬಾರದು.

ಹೆಜ್ಜೆ 5: ಆಯ್ಕೆ ಪಂದ್ಯಗಳು

ನಾಲ್ಕನೆಯ ಸ್ಥಾನಕ್ಕೆ ಐದಾರು ಮಂದಿ ಹತ್ತು ಹದಿನೈದು ಅಂಕಗಳ ಅಂತರದಲ್ಲಿದ್ದಾಗ ರೇಟಿಂಗ್ ಏನೂ ಹೇಳುವುದಿಲ್ಲ. ಆಗ ಆಯ್ಕೆ ಟೂರ್ನಿ ನಡೆಸುವುದು ಒಳ್ಳೆಯದು. ರೌಂಡ್ ರಾಬಿನ್ ಪದ್ಧತಿಯಲ್ಲಿ ಎಲ್ಲರೂ ಎಲ್ಲರೊಂದಿಗೆ ಆಡಲಿ, ಸಾಧ್ಯವಾದರೆ ಬಿಳಿ ಮತ್ತು ಕಪ್ಪು ಕಾಯಿಗಳಲ್ಲಿ ಒಂದೊಂದು ಸಲ. ಒಲಿಂಪಿಯಾಡ್‌ನಲ್ಲಿ ಮೊದಲ 40 ನಡೆಗಳಿಗೆ 90 ನಿಮಿಷ, ಆಮೇಲೆ 30 ನಿಮಿಷ, ಮೊದಲ ನಡೆಯಿಂದಲೇ ಪ್ರತಿ ನಡೆಗೆ 30 ಸೆಕೆಂಡ್ ಸೇರ್ಪಡೆ. ಆಯ್ಕೆಯೂ ಇದೇ ಗತಿಯಲ್ಲಿ ನಡೆಯಬೇಕು. ಕಡಿಮೆ ಸಮಯದ ರ‍್ಯಾಪಿಡ್ ಪಂದ್ಯಗಳಿಂದ, ಹೀಗೆ ದೀರ್ಘ ಸಮಯದ ಕ್ಲಾಸಿಕಲ್ ಆಟಕ್ಕೆ ತಂಡ ಆರಿಸುವುದು ಸಲ್ಲದು. ಸಣ್ಣ ದೇಶಗಳಲ್ಲಿ ರಾಷ್ಟ್ರೀಯ ಚಾಂಪಿಯನ್‌ಷಿಪ್‌ ಅನ್ನೇ ಆಯ್ಕೆ ಟೂರ್ನಿ ಮಾಡಿಕೊಂಡರೆ ಖರ್ಚೂ ಕಡಿಮೆ, ಚಾಂಪಿಯನ್‌ಷಿಪ್‌ಗೂ ಬೆಲೆ.

ಹೆಜ್ಜೆ 6: ಸಮಿತಿಯ ಒಂದು ಸ್ಥಾನ

ಐದನೆಯ ಸ್ಥಾನವನ್ನು ವಿವೇಚನೆಗೆ ಬಿಡಬೇಕು ಎಂಬುದಕ್ಕೆ ಬಲವಾದ ಕಾರಣವಿದೆ. ಬೆಳೆಯುವ ಮಕ್ಕಳ ಬಲ ರೇಟಿಂಗ್‌ನಲ್ಲಿ ತಡವಾಗಿ ಕಾಣುತ್ತದೆ. 2022ರಲ್ಲಿ ಆತಿಥೇಯ ಭಾರತಕ್ಕೆ ಹೆಚ್ಚುವರಿ ತಂಡಗಳನ್ನು ಇಳಿಸುವ ಅವಕಾಶ ಸಿಕ್ಕಿತು. ಎರಡನೆಯ ತಂಡದಲ್ಲಿ ಗುಕೇಶ್, ನಿಹಾಲ್ ಸರಿನ್, ಪ್ರಜ್ಞಾನಂದ, ರೌನಕ್ ಸಾಧ್ವಾನಿ ಎಂಬ ಹದಿಹರೆಯದವರು ಬಿ. ಅಧಿಬನ್ ಅವರೊಂದಿಗೆ ಆಡಿದರು. ಮೊದಲ ತಂಡಕ್ಕೆ ಪದಕ ಬರಲಿಲ್ಲ, ಈ ತಂಡ ಕಂಚು ಗೆದ್ದಿತು. ಗುಕೇಶ್ ಮೊದಲ ಎಂಟೂ ಪಂದ್ಯ ಗೆದ್ದರು. ಅದೇ ಒಲಿಂಪಿಯಾಡ್‌ನಲ್ಲಿ ಚಿನ್ನ ಗೆದ್ದ ಉಜ್ಬೇಕಿಸ್ತಾನ 14ನೇ ಶ್ರೇಯಾಂಕದ ತಂಡ, ಅದರ ತುಂಬ ಎಳೆಯರೇ. ಆತಿಥ್ಯದ ಅವಕಾಶ ಇಲ್ಲದ ವರ್ಷ ಅಂಥ ಹುಡುಗನಿಗೆ ತೆರೆದಿರುವ ಬಾಗಿಲು ಈ ಐದನೆಯ ಸ್ಥಾನ ಒಂದೇ. ಸಮಿತಿ ಯಾರನ್ನು ಆರಿಸಿದರೂ ಕಾರಣವನ್ನು ನಾಲ್ಕು ಸಾಲಿನಲ್ಲಿ ಬರೆದು ಪ್ರಕಟಿಸಬೇಕು. ಅಭ್ಯರ್ಥಿಯ ತರಬೇತುದಾರರೋ ಬಂಧುಗಳೋ ಸಮಿತಿಯಲ್ಲಿದ್ದರೆ ಆ ಚರ್ಚೆಯಿಂದ ಎದ್ದು ಹೊರಗೆ ಹೋಗಬೇಕು.

ಹೆಜ್ಜೆ 7: ಒಪ್ಪಿಗೆ ಪಡೆಯುವುದು

ಆಯ್ಕೆಯಾದವರೆಲ್ಲ ಬರುತ್ತಾರೆ ಎಂದುಕೊಳ್ಳಬೇಡಿ. 2014ರಲ್ಲಿ ಟ್ರೊಮ್ಸೊಗೆ ವಿಶ್ವನಾಥನ್ ಆನಂದ್ ಮತ್ತು ಪಿ. ಹರಿಕೃಷ್ಣ ಇಲ್ಲದೆ ಹೋದ ಭಾರತ ಕಂಚು ಗೆದ್ದು ಬಂತು. 2022ರಲ್ಲಿ ಆನಂದ್ ಆಡದೆ ಮಾರ್ಗದರ್ಶಕರಾದರು. 2024ರಲ್ಲಿ ಕೊನೇರು ಹಂಪಿ ಇಲ್ಲದೆಯೇ ಮಹಿಳಾ ತಂಡ ಚಿನ್ನ ಗೆದ್ದಿತು. ಒಪ್ಪಿಗೆಯನ್ನು ಲಿಖಿತವಾಗಿ, ದಿನಾಂಕ ನಿಗದಿ ಮಾಡಿ ಕೇಳಬೇಕು.

ಹೆಜ್ಜೆ 8: ಬೋರ್ಡ್ ಕ್ರಮ

ಇಲ್ಲಿ ಅಂಕಿಗಳನ್ನು ಪಕ್ಕಕ್ಕಿಟ್ಟು ನಾಯಕನಿಗೆ ಜಾಗ ಬಿಡಬೇಕು. ಒಲಿಂಪಿಯಾಡ್‌ನಲ್ಲಿ ಒಮ್ಮೆ ಕೊಟ್ಟ ಕ್ರಮ ಟೂರ್ನಿ ಮುಗಿಯುವವರೆಗೆ ಬದಲಾಗುವುದಿಲ್ಲ. ಒಂದು ತಂಡಕ್ಕೆ 1 ಮತ್ತು 3ನೇ ಬೋರ್ಡ್‌ಗಳಲ್ಲಿ ಬಿಳಿ ಬಂದರೆ 2 ಮತ್ತು 4ರಲ್ಲಿ ಕಪ್ಪು. ಎರಡನೆಯ ಬೋರ್ಡ್‌ನವರು ವಿಶ್ರಾಂತಿ ಪಡೆದರೆ ಮೂರನೆಯವರು ಎರಡಕ್ಕೆ, ನಾಲ್ಕನೆಯವರು ಮೂರಕ್ಕೆ ಏರುತ್ತಾರೆ. ಅವರ ಕಾಯಿಗಳ ಬಣ್ಣವೂ ಅದಲು ಬದಲಾಗುತ್ತದೆ. ಮೀಸಲು ಆಟಗಾರ ಯಾವಾಗ ಬಂದರೂ ಕೂರುವುದು ನಾಲ್ಕನೆಯ ಬೋರ್ಡ್‌ನಲ್ಲೇ.

ಮೊದಲ ಬೋರ್ಡ್‌ನವರಿಗೆ ದಿನವೂ ಎದುರಾಳಿ ದೇಶದ ಅತ್ಯುತ್ತಮ ಆಟಗಾರನೇ ಎದುರಾಗುತ್ತಾನೆ. ಅಲ್ಲಿ ಒತ್ತಡ ತಡೆಯುವ, ಕಪ್ಪು ಕಾಯಿಗಳಲ್ಲೂ ಸುಲಭಕ್ಕೆ ಬಗ್ಗದ ಆಟಗಾರ ಬೇಕು. ಕೆಳಗಿನ ಬೋರ್ಡ್‌ಗಳಲ್ಲಿ ಎದುರಾಳಿ ಸ್ವಲ್ಪ ದುರ್ಬಲನಾಗಿರುವುದರಿಂದ ಡ್ರಾಗೆ ಒಪ್ಪದೆ ಗೆಲುವಿಗೇ ಹೋರಾಡುವವರನ್ನು ಅಲ್ಲಿ ಕೂರಿಸಿದರೆ ಫಲ ಹೆಚ್ಚು. ಬುಡಾಪೆಸ್ಟ್‌ನಲ್ಲಿ ಮೂರನೆಯ ಬೋರ್ಡ್‌ನಿಂದ ಅರ್ಜುನ್ ಮಾಡಿದ್ದು ಅದನ್ನೇ. ಅಲ್ಲಿ ಐದನೆಯವರಾದ ಹರಿಕೃಷ್ಣ ಆಡಿದ್ದು ಮೂರೇ ಪಂದ್ಯ. ಹೆಚ್ಚು ಹೊತ್ತು ಕಾದು, ಕರೆದ ದಿನ ತಯಾರಾಗಿ ಕೂರುವ ಮನಸ್ಥಿತಿ ಎಲ್ಲರಿಗೂ ಇರುವುದಿಲ್ಲ. ಮೀಸಲು ಸ್ಥಾನಕ್ಕೆ ಆರಿಸುವಾಗ ಅದನ್ನೂ ನೋಡಬೇಕು.

ನಾಯಕನನ್ನು ಈ ಹಂತಕ್ಕೆ ಮೊದಲೇ ನೇಮಿಸಿರಬೇಕು. ಪಂದ್ಯ ನಡೆಯುವಾಗ ಆತ ಡ್ರಾ ಕೇಳು, ಡ್ರಾ ಒಪ್ಪಿಕೋ ಎಂದು ಹೇಳಬಹುದು. ಬೋರ್ಡ್ ಮೇಲಿನ ಸ್ಥಿತಿಯ ಬಗ್ಗೆ ಒಂದು ಮಾತೂ ಆಡುವಂತಿಲ್ಲ. ಆತನ ನಿಜವಾದ ಕೆಲಸ ಪಂದ್ಯಕ್ಕೆ ಮೊದಲೇ ಮುಗಿದಿರುತ್ತದೆ: ಯಾರಿಗೆ ಇಂದು ವಿಶ್ರಾಂತಿ ಎಂಬ ತೀರ್ಮಾನದಲ್ಲಿ.

ಹೆಜ್ಜೆ 9: ಪ್ರಕಟಣೆ, ಆಕ್ಷೇಪಣೆ, ಬದಲಿಗಳು

ಐದು ಹೆಸರುಗಳ ಜೊತೆಗೆ ಅವುಗಳ ಹಿಂದಿನ ಲೆಕ್ಕವನ್ನೂ ಪ್ರಕಟಿಸಿ: ಯಾರ ಸರಾಸರಿ ಎಷ್ಟು, ಎಷ್ಟು ಪಂದ್ಯ ಆಡಿದ್ದಾರೆ, ಯಾರು ಯಾವ ನಿಯಮದಡಿ ಬಂದರು. ಆಕ್ಷೇಪಣೆಗೆ ಕೆಲವು ದಿನಗಳ ಕಾಲಾವಕಾಶ ಕೊಡಿ. ಆಯ್ಕೆ ಮಾಡಿದವರೇ ಆ ಆಕ್ಷೇಪಣೆಯನ್ನು ವಿಚಾರಿಸಬಾರದು. ಇದೆಲ್ಲವೂ ಸಂಘಟಕರಿಗೆ ಪಟ್ಟಿ ಕಳಿಸುವ ಕೊನೆಯ ದಿನಕ್ಕೆ ಸಾಕಷ್ಟು ಮೊದಲೇ ಮುಗಿಯಬೇಕು. ಆರನೆಯ, ಏಳನೆಯ ಸ್ಥಾನದವರಿಗೆ ಅವರ ಸರದಿ ಎಷ್ಟನೆಯದು ಎಂದು ಪತ್ರದಲ್ಲಿ ತಿಳಿಸಿ ತಯಾರಿ ಶಿಬಿರಕ್ಕೆ ಅವರನ್ನೂ ಕರೆಯಿರಿ. ಯಾರಿಗಾದರೂ ಕಾಯಿಲೆಯಾಗಿ ಹೊರಡುವ ವಾರ ಫೋನ್ ಹೋದಾಗ, ಅವರು ಉಳಿದ ನಾಲ್ವರೊಂದಿಗೆ ಆಗಲೇ ಅಭ್ಯಾಸ ಮಾಡಿರಬೇಕು.