ಬಾಗಿಲು ತಟ್ಟುವ ಮೊದಲು ನಾನು ಮಾಡಿದ್ದು

ಅಪಾರ್ಟ್‌ಮೆಂಟಿನಲ್ಲಿ ನೆರೆಮನೆಯವರಿಂದ ತೊಂದರೆ ಅಂದ ಕೂಡಲೇ ಎಲ್ಲರೂ ಕೊಡುವ ಸಲಹೆ ಒಂದೇ: ಹೋಗಿ ಮಾತಾಡಿ. ಸರಿ, ಮಾತಾಡಬೇಕು. ಆದರೆ ಏನಂತ? "ನಿಮ್ಮ ಮನೆಯಿಂದ ತುಂಬಾ ಸದ್ದು ಬರುತ್ತೆ" ಅಂದರೆ "ನಾವು ಸದ್ದೇ ಮಾಡಲ್ಲವಲ್ಲ" ಅನ್ನುತ್ತಾರೆ. ಅಲ್ಲಿಗೆ ಮಾತು ಮುಗಿಯಿತು. ಇನ್ನೊಂದು ಸಲ ಹೋದರೆ ಜಗಳ. ಮೇಲಿನ ಮನೆಯವರು ಬೇಕಂತಲೇ ಸುಳ್ಳು ಹೇಳುತ್ತಾರೆ ಅಂತಲ್ಲ, ಎಷ್ಟೋ ಸಲ ಅವರಿಗೆ ನಿಜಕ್ಕೂ ಗೊತ್ತಿರುವುದಿಲ್ಲ. ಕುರ್ಚಿ ಎಳೆದಾಗ ಅವರ ಕಿವಿಗೆ ಬೀಳುವುದು ಸಣ್ಣ ಕರಕರ. ಅದೇ ಪೆಟ್ಟು ಸ್ಲ್ಯಾಬನ್ನು ನಡುಗಿಸಿ ಕೆಳಗಿನ ಮನೆಯ ಇಡೀ ಸೀಲಿಂಗನ್ನೇ ಸ್ಪೀಕರ್ ಮಾಡಿಬಿಡುತ್ತದೆ.

ಅದಕ್ಕೇ ನಾನು ಮೊದಲು ಹುಡುಕುವುದು ಏನು, ಎಲ್ಲಿಂದ, ಯಾವಾಗ ಅನ್ನುವುದನ್ನು. ಯಾರು ಅನ್ನುವುದು ಆಮೇಲೆ ತಾನಾಗೇ ಗೊತ್ತಾಗುತ್ತದೆ.

ನಮ್ಮ ಮನೆಯಲ್ಲಿ ರಾತ್ರಿ ಹೊತ್ತು ಕೇಳಿಸುತ್ತಿದ್ದ ಸದ್ದನ್ನೇ ತೆಗೆದುಕೊಳ್ಳಿ. ಒಂದು ಸಣ್ಣ ಪುಸ್ತಕ ಇಟ್ಟುಕೊಂಡು ಬರೆಯುತ್ತಾ ಹೋದೆ. ಎಷ್ಟು ಗಂಟೆಗೆ, ಯಾವ ಕೋಣೆಯಲ್ಲಿ, ಎಂಥ ಸದ್ದು, ಎಷ್ಟು ಹೊತ್ತು. "ತಲೆ ಕೆಟ್ಟುಹೋಯ್ತು" ಅಂತೆಲ್ಲ ಬರೆಯಬಾರದು, ಸುಮ್ನೆ ನಡೆದದ್ದಷ್ಟೇ. ಸ್ವಲ್ಪ ದಿನ ಬರೆದು ತಿರುವಿ ನೋಡಿದಾಗ ಗೊತ್ತಾಯಿತು, ಇದು ಒಂದು ಸದ್ದಲ್ಲ, ಎರಡು. ಒಂದು ಕರ್ ಅಂತ ಎಳೆದು ಧಡ್ ಅನ್ನುವುದು, ಊಟದ ಹೊತ್ತಿನ ಆಸುಪಾಸಿನಲ್ಲಿ, ಹಾಲ್‌ನಲ್ಲಿ. ಇನ್ನೊಂದು ಗುಂಯ್ ಅಂತ ಶುರುವಾಗಿ ಏರುತ್ತಾ ಹೋಗಿ ಕಿಟಕಿಯ ಗಾಜು ಅದುರುವಷ್ಟಾಗಿ ಸ್ವಲ್ಪ ಹೊತ್ತಿನಲ್ಲಿ ನಿಂತುಬಿಡುವುದು, ಅದು ಮಲಗುವ ಕೋಣೆಯಲ್ಲಿ. ಕಾಂಕ್ರೀಟ್ ಕಟ್ಟಡದಲ್ಲಿ ಸದ್ದು ಕಂಬ, ತೊಲೆ, ಪೈಪುಗಳಲ್ಲೆಲ್ಲ ಓಡಾಡುತ್ತದೆ. ತಲೆಯ ಮೇಲೆ ಕೇಳಿಸಿತು ಅಂದಮಾತ್ರಕ್ಕೆ ಅದು ಮೇಲಿನ ಮನೆಯದ್ದೇ ಆಗಬೇಕಿಲ್ಲ. ಗುಂಯ್ ಶುರುವಾದಾಗ ಗೋಡೆಗಳ ಮೇಲೆ ಅಂಗೈ ಇಟ್ಟು ನೋಡಿದೆ. ಹೊರಗಿನ ಗೋಡೆ ಸುಮ್ಮನಿತ್ತು, ಪಕ್ಕದ ಮನೆಗೂ ನಮಗೂ ಸೇರಿದ ಗೋಡೆ ಸಣ್ಣಗೆ ನಡುಗುತ್ತಿತ್ತು. ಮೆಟ್ಟಿಲ ಹತ್ತಿರ ಹೋಗಿ ಕಿವಿಗೊಟ್ಟರೆ ಖಾತ್ರಿ ಆಯಿತು. ಪಕ್ಕದ ಮನೆಯ ವಾಷಿಂಗ್ ಮಷಿನ್.

ಅವರ ಬಾಗಿಲು ತಟ್ಟಿದ್ದು ಮಾರನೇ ಭಾನುವಾರ ಬೆಳಿಗ್ಗೆ. ಸದ್ದು ಆಗುತ್ತಿರುವಾಗ, ಅದರಲ್ಲೂ ರಾತ್ರಿ, ನಾನು ಯಾವತ್ತೂ ಹೋಗುವುದಿಲ್ಲ. ನಮಗೂ ಸಿಟ್ಟು ಇರುತ್ತದೆ, ಅವರಿಗೂ ಮುಜುಗರ ಆಗಿ ಅದು ಸಿಟ್ಟಾಗಿ ಹೊರಬರುತ್ತದೆ.

"ಸರ್, ನಿಮ್ಮ ಮಷಿನ್ ಸ್ಪಿನ್ ಆಗುವಾಗ ನಮ್ಮ ಗೋಡೆ ನಡುಗ್ತಿದೆ. ಒಂದೈದು ನಿಮಿಷ ಬಂದು ನೋಡ್ತೀರಾ? ಮೇಡಂ ಇಲ್ಲಿ ನಿಮ್ಮನೇಲಿ ಸ್ಪಿನ್ ಹಾಕಲಿ."

ಬಂದರು. ಗೋಡೆಗೆ ಕೈ ಇಟ್ಟರು. "ಅಯ್ಯೋ, ಇಷ್ಟೊಂದಾ!" ಅಂದರು. ಆಮೇಲೆ ನಾನೇನೂ ವಾದ ಮಾಡಬೇಕಾಗಲಿಲ್ಲ. ನನ್ನ ಕೇಳಿದರೆ ಎಂಥ ದೂರಿನ ಪತ್ರಕ್ಕಿಂತಲೂ ಇದು ಜಾಸ್ತಿ ಕೆಲಸ ಮಾಡುತ್ತದೆ: ಅವರನ್ನೇ ನಮ್ಮ ಮನೆಗೆ ಕರೆದು ಕೇಳಿಸುವುದು.

ಇಬ್ಬರೂ ಸೇರಿ ಮಷಿನ್ ನೋಡಿದೆವು. ಮುಂದಿನ ಒಂದು ಕಾಲು ನೆಲಕ್ಕೆ ತಾಗಿರಲೇ ಇಲ್ಲ, ಮಡಚಿದ ಕಾಗದ ಅದರ ಕೆಳಗೆ ಸಲೀಸಾಗಿ ಹೋಗಿ ಬರುತ್ತಿತ್ತು. ಬಟ್ಟೆ ಹಿಂಡುವ ಸ್ಪಿನ್ ಇಟ್ಟಿದ್ದು ನಿಮಿಷಕ್ಕೆ 1200 ಸುತ್ತಿಗೆ, ಅಂದರೆ ಸೆಕೆಂಡಿಗೆ 20 ಸುತ್ತು. ಒಳಗೆ ಒದ್ದೆ ಬಟ್ಟೆ ಒಂದೇ ಕಡೆ ಮುದ್ದೆಯಾಗಿದ್ದರೆ ಪ್ರತಿ ಸುತ್ತಿಗೂ ನೆಲಕ್ಕೆ ಒಂದು ಗುದ್ದು. ಕಾಲನ್ನು ತಿರುಗಿಸಿ ಮಟ್ಟ ಮಾಡಿ, ಮೇಲಿನ ನಟ್ ಬಿಗಿ ಮಾಡಿದೆವು. ನಟ್ ಬಿಗಿ ಮಾಡದಿದ್ದರೆ ಅದುರಿ ಅದುರಿ ಕಾಲು ಮತ್ತೆ ಸಡಿಲ ಆಗುತ್ತದೆ. ನಾಲ್ಕೂ ಕಾಲಿಗೆ ದಪ್ಪ ರಬ್ಬರ್ ಪ್ಯಾಡ್ ಹಾಕಿದೆವು. ಮಷಿನನ್ನು ಗೋಡೆಯಿಂದ ಒಂದು ಅಂಗೈ ದೂರ ಎಳೆದೆವು. ಸ್ಪಿನ್ 800ಕ್ಕೆ ಇಳಿಸಿದರು, ಬಟ್ಟೆ ಒಣಗುವುದು ಸ್ವಲ್ಪ ತಡ ಆಗುತ್ತದೆ ಅಷ್ಟೇ. ಅಂದಹಾಗೆ, ಮುಂದೆ ಬಾಗಿಲಿರುವ ಹೊಸ ಮಷಿನ್ ಆಗಿದ್ದರೆ ಹಿಂದೆ ಸಾಗಾಣಿಕೆಗೆ ಅಂತ ಹಾಕಿರುವ ಉದ್ದನೆಯ ಬೋಲ್ಟುಗಳನ್ನು ತೆಗೆದಿದ್ದಾರಾ ಅಂತ ಮೊದಲು ನೋಡಿ. ಅವು ಡ್ರಮ್ಮನ್ನು ಅಲ್ಲಾಡದಂತೆ ಹಿಡಿದಿರುತ್ತವೆ. ತೆಗೆಯದೆ ಓಡಿಸಿದರೆ ಮಷಿನ್ ಕೋಣೆಯೆಲ್ಲ ಕುಣಿದಾಡುತ್ತದೆ.

ಮೇಲಿನ ಮನೆಯ ಕುರ್ಚಿಯದ್ದು ಸುಲಭ ಆಯಿತು. ಅಲ್ಲಿರುವುದು ಗಂಡ ಹೆಂಡತಿ, ಒಂದು ಪುಟ್ಟ ಮಗು, ಮತ್ತೆ ಅಜ್ಜಿ. "ಸದ್ದು ಮಾಡಬೇಡಿ" ಅಂದರೆ ಏನು ಮಾಡಬೇಕು ಅಂತ ಅವರಿಗೆ ಹೇಗೆ ಗೊತ್ತಾಗಬೇಕು? "ಊಟದ ಟೇಬಲ್ಲಿನ ಕುರ್ಚಿಗಳಿಗೆ ರಬ್ಬರ್ ಟೋಪಿ ಹಾಕ್ತೀರಾ, ನಾನೇ ತಂದಿದೀನಿ" ಅಂದೆ. ಅಂಟಿಸುವ ಬಟ್ಟೆಯ ಪ್ಯಾಡ್ ಮೊದಮೊದಲು ಚೆನ್ನಾಗಿರುತ್ತದೆ, ಆಮೇಲೆ ಜರುಗಿ ಕಿತ್ತುಬರುತ್ತದೆ, ಹಾಗಾಗಿ ಕಾಲಿಗೆ ಸಿಕ್ಕಿಸುವ ರಬ್ಬರ್ ಟೋಪಿಯೇ ವಾಸಿ. ಮಗು ಓಡಬಾರದು ಅಂತ ಹೇಳುವುದು ನ್ಯಾಯವೂ ಅಲ್ಲ, ಆಗುವ ಮಾತೂ ಅಲ್ಲ. ಆಟದ ಜಾಗಕ್ಕೆ ದಪ್ಪ ಮ್ಯಾಟ್ ಹಾಸಿಕೊಳ್ಳಿ ಅಂದೆ, ಹಾಸಿದರು. ಈಗಲೂ ಓಡುವುದು ಕೇಳಿಸುತ್ತದೆ, ಆದರೆ ಎದೆಗೆ ಬಡಿಯುವುದಿಲ್ಲ.

ಈ ನಡುವೆ ಒಬ್ಬರು ಬಂದು ಸೀಲಿಂಗಿಗೆ ಫೋಮ್ ಅಂಟಿಸಿ, ಫಾಲ್ಸ್ ಸೀಲಿಂಗ್ ಮಾಡಿಸಿ ಅಂತ ಹೇಳಿದರು. ದುಡ್ಡು ದಂಡ. ಫೋಮ್ ನಮ್ಮ ಕೋಣೆಯೊಳಗಿನ ಪ್ರತಿಧ್ವನಿಯನ್ನು ಹೀರುತ್ತದೆ, ಸ್ಲ್ಯಾಬಿನ ಮೂಲಕ ಬರುವ ಪೆಟ್ಟನ್ನು ತಡೆಯುವುದಿಲ್ಲ. ಫಾಲ್ಸ್ ಸೀಲಿಂಗನ್ನು ಸ್ಲ್ಯಾಬಿಗೇ ಗಟ್ಟಿಯಾಗಿ ನೇತುಹಾಕಿದರೆ ಆ ಸರಳುಗಳಲ್ಲೇ ಸದ್ದು ಇಳಿಯುತ್ತದೆ, ಉಳಿದದ್ದು ಗೋಡೆಗಳಲ್ಲಿ ಬರುತ್ತದೆ. ಪೆಟ್ಟಿನ ಸದ್ದನ್ನು ಪೆಟ್ಟು ಬೀಳುವ ಜಾಗದಲ್ಲೇ ಮೆತ್ತಗೆ ಮಾಡಬೇಕು, ಅಂದರೆ ಮೇಲಿನವರ ನೆಲದ ಮೇಲೆ.

ಮೊಬೈಲಿನಲ್ಲಿ ಡೆಸಿಬಲ್ ಅಳೆಯುವ ಆ್ಯಪ್ ಬಗ್ಗೆಯೂ ಹೇಳಿಬಿಡುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆ 1999ರ ಮಾರ್ಗಸೂಚಿಯಲ್ಲಿ, ನಿದ್ದೆ ಕೆಡಬಾರದು ಅಂದರೆ ಮಲಗುವ ಕೋಣೆಯೊಳಗೆ ಒಂದೇ ಸಮನೆ ಇರುವ ಸದ್ದು 30 ಡೆಸಿಬಲ್ ದಾಟಬಾರದು, ಆಗೊಮ್ಮೆ ಈಗೊಮ್ಮೆ ಬರುವ ಸದ್ದು 45 ದಾಟಬಾರದು ಅಂದಿದೆ. ಇದನ್ನು ಹಿಡಿದುಕೊಂಡು ಮೊಬೈಲ್ ತೋರಿಸಿ "ನೋಡಿ, 52 ಬಂತು" ಅಂತ ವಾದಕ್ಕೆ ಇಳಿಯಬೇಡಿ. ಮೊಬೈಲ್ ಮೈಕ್ ಅಷ್ಟು ಕರಾರುವಾಕ್ಕಲ್ಲ. ಸಾಮಾನ್ಯವಾಗಿ ಬಳಸುವ ಡೆಸಿಬಲ್ ಲೆಕ್ಕ ತಗ್ಗು ಸ್ಥಾಯಿಯ, ಅಂದರೆ ದಪ್ಪ ದನಿಯ ಸದ್ದನ್ನು ಕಡಿಮೆ ಮಾಡಿ ಎಣಿಸುತ್ತದೆ ಬೇರೆ, ನಮ್ಮನ್ನು ಕಾಡುವ ಧಡ್ ಧಡ್ ಎಲ್ಲಾ ಅಂಥದ್ದೇ. ಪ್ಯಾಡ್ ಹಾಕುವ ಮೊದಲು ಎಷ್ಟಿತ್ತು, ಆಮೇಲೆ ಎಷ್ಟಾಯಿತು ಅಂತ ಹೋಲಿಸಿ ನೋಡಲು ಮಾತ್ರ ನಾನು ಅದನ್ನು ಬಳಸಿದೆ. 10 ಡೆಸಿಬಲ್ ಇಳಿದರೆ ಕಿವಿಗೆ ಸುಮಾರು ಅರ್ಧದಷ್ಟು ಅನ್ನಿಸುತ್ತದೆ.

ಸದ್ದಿಗಿಂತ ತಲೆನೋವಾಗಿದ್ದು ನೀರು. ಬಚ್ಚಲುಮನೆಯ ಸೀಲಿಂಗಿನಲ್ಲಿ ಹಳದಿ ಕಲೆ, ಅದರ ಅಂಚಿನಲ್ಲಿ ಉಪ್ಪಿನಂಥ ಬಿಳಿ ಪುಡಿ. ಆ ಪುಡಿ ಕಂಡರೆ ನೀರು ಕಾಂಕ್ರೀಟಿನ ಒಳಗಿಂದಲೇ ಹಾದುಬರುತ್ತಿದೆ ಅಂತ ಲೆಕ್ಕ. ಒಳಗಿನ ಲವಣ ಕರಗಿಸಿಕೊಂಡು ಬಂದು, ಇಲ್ಲಿ ಒಣಗಿ, ಬಿಟ್ಟುಹೋಗುತ್ತದೆ. ಮೇಲಿನವರಿಗೆ ಹೇಳಿದರೆ "ನಮ್ಮ ಬಾತ್‌ರೂಮ್ ಒಣಗೇ ಇದೆ, ಬಂದು ನೋಡಿ" ಅನ್ನುವುದು ಗ್ಯಾರಂಟಿ. ಅದಕ್ಕೆ ಮೊದಲು ಪೆನ್ಸಿಲಿನಲ್ಲಿ ಕಲೆಯ ಅಂಚಿಗೆ ಗೆರೆ ಎಳೆದು ಪಕ್ಕದಲ್ಲಿ ತಾರೀಖು ಬರೆದೆ. ಬೆಳೆದ ಹಾಗೆಲ್ಲ ಹೊಸ ಗೆರೆ, ಹೊಸ ತಾರೀಖು, ಒಂದು ಫೋಟೋ.

ನೀರಿನ ವಿಷಯದಲ್ಲಿ ಸಮಯ ನೋಡಿದರೆ ಅರ್ಧ ಉತ್ತರ ಸಿಕ್ಕಿಬಿಡುತ್ತದೆ. ಮೇಲಿನವರು ಊರಲ್ಲಿಲ್ಲದಾಗಲೂ ಹನಿ ನಿಲ್ಲದಿದ್ದರೆ ನೀರು ಬರುವ ಪೈಪಿನದ್ದೇ ಅನುಮಾನ, ಅದರಲ್ಲಿ ಯಾವಾಗಲೂ ಒತ್ತಡ ಇರುತ್ತದಲ್ಲ. ಬಳಸಿದ ತಕ್ಷಣ ಹನಿಯಾಗಿ ಆಮೇಲೆ ನಿಂತರೆ ನೀರು ಹೋಗುವ ಪೈಪು. ಸ್ನಾನ ಆಗಿ ಎಷ್ಟೋ ಹೊತ್ತಿನ ಮೇಲೆ ನಿಧಾನಕ್ಕೆ ತೇವ ಏರಿದರೆ ನೆಲದ ಟೈಲ್ಸ್ ಸಂದು ಅಥವಾ ಅದರ ಕೆಳಗಿನ ವಾಟರ್‌ಪ್ರೂಫಿಂಗ್. ಮಳೆಗೆ ಮಾತ್ರ ಬಂದರೆ ಮೇಲಿನವರಿಗೂ ಅದಕ್ಕೂ ಸಂಬಂಧವೇ ಇಲ್ಲದಿರಬಹುದು, ಹೊರಗೋಡೆ ನೋಡಬೇಕು. ಇನ್ನು ಕೆಲವು ಸಲ ಸೋರಿಕೆಯೇ ಇರುವುದಿಲ್ಲ, ನಮ್ಮದೇ ಬಿಸಿನೀರಿನ ಹಬೆ ತಣ್ಣಗಿನ ಸೀಲಿಂಗಿಗೆ ತಾಗಿ ನೀರಾಗಿರುತ್ತದೆ. ಅದನ್ನು ತಿಳಿಯಲು ಒದ್ದೆ ಜಾಗದ ಮೇಲೆ ಪ್ಲಾಸ್ಟಿಕ್ ಹಾಳೆ ಇಟ್ಟು ನಾಲ್ಕೂ ಕಡೆ ಟೇಪ್ ಹಾಕಿ ಒಂದು ದಿನ ಬಿಟ್ಟೆ. ಹನಿ ಹಾಳೆಯ ಹೊರಮೈ ಮೇಲೆ ಕೂತರೆ ಹಬೆ, ಒಳಮೈ ಮೇಲೆ ಕೂತರೆ ಸ್ಲ್ಯಾಬಿನಿಂದ ಬಂದದ್ದು. ನಮ್ಮದು ಒಳಗಿತ್ತು.

ಆಮೇಲೆ ಮೇಲೆ ಹೋಗಿ ಪುಸ್ತಕ, ಫೋಟೋ ಎಲ್ಲ ತೋರಿಸಿದೆ. "ಒಡೆಯೋದು ಬೇಡ ಸರ್, ಮೊದಲು ಪರೀಕ್ಷೆ ಮಾಡೋಣ" ಅಂದೆ. ಒಡೆಯುವುದು ಅನ್ನುವ ಮಾತಿಗೇ ಜನ ಹೆದರಿ ಬಾಗಿಲು ಹಾಕಿಕೊಳ್ಳುವುದು. ಮೊದಲು ಎಲ್ಲಾ ನಲ್ಲಿ ಮುಚ್ಚಿ ಅವರ ನೀರಿನ ಮೀಟರ್ ನೋಡಿದೆವು, ಮುಳ್ಳು ಅಲ್ಲಾಡಲಿಲ್ಲ, ಒತ್ತಡದ ಪೈಪು ಸರಿ ಇದೆ ಅಂತಾಯಿತು. ಮುಂದೆ ನೀರು ಹೊರಹೋಗುವ ನೆಲದ ಜಾಲರಿಗೆ ಬಿರಡೆ ಹಾಕಿ, ಕಾಲು ಗಿಣ್ಣು ಮುಳುಗದಷ್ಟು ಬಣ್ಣದ ನೀರು ನಿಲ್ಲಿಸಿ, ಗೋಡೆಯ ಮೇಲೆ ಮಟ್ಟಕ್ಕೆ ಟೇಪ್ ಅಂಟಿಸಿ 24 ಗಂಟೆ ಬಿಟ್ಟೆವು. ಮಾರನೇ ದಿನ ನೀರಿನ ಮಟ್ಟ ಹೆಚ್ಚುಕಡಿಮೆ ಅಲ್ಲೇ ಇತ್ತು, ನಮ್ಮ ಸೀಲಿಂಗೂ ಒಣಗಿತ್ತು. ಟೈಲ್ಸ್ ಬಚಾವ್. ಬಿರಡೆ ತೆಗೆದರು ನೋಡಿ, ನೀರು ಇಳಿದ ಸ್ವಲ್ಪ ಹೊತ್ತಿಗೆ ನಮ್ಮಲ್ಲಿ ಬಣ್ಣದ ಹನಿ! ಜಾಲರಿಯ ಕೆಳಗೆ ಪೈಪು ಸೇರುವ ಜಾಗದಲ್ಲಿ ಬಿರುಕು. ಇಡೀ ಬಚ್ಚಲು ಅಗೆಯಬೇಕಿದ್ದವರು ಒಂದು ಮೂಲೆ ಮಾತ್ರ ಬಿಚ್ಚಿದರು.

ಯಾರು ದುಡ್ಡು ಕೊಡಬೇಕು ಅನ್ನುವುದು ಆಯಾ ಕಟ್ಟಡದ ನಿಯಮದಲ್ಲಿರುತ್ತದೆ. ಹಾರೆ ಎತ್ತುವ ಮೊದಲೇ ಅದನ್ನು ಓದಿ, ಯಾರ ಪಾಲು ಎಷ್ಟು, ಟೈಲ್ಸ್ ಹೊಂದದಿದ್ದರೆ ಏನು ಅಂತ ಎರಡು ಸಾಲು ಬರೆದು ಇಬ್ಬರೂ ಒಪ್ಪಿಕೊಂಡೆವು. ಬಾಡಿಗೆಗೆ ಇರುವವರಾದರೆ ಅವರ ಹತ್ತಿರ ಜಗಳ ಆಡಿ ಪ್ರಯೋಜನ ಇಲ್ಲ, ಟೈಲ್ಸ್ ಒಡೆಯಲು ಅವರಿಗೆ ಅಧಿಕಾರವೇ ಇರುವುದಿಲ್ಲ. ಮಾಲೀಕರನ್ನೇ ಹಿಡಿಯಬೇಕು. ಕೆಳಗಿನಿಂದ ಏನಾದರೂ ಬಳಿದು ಮುಚ್ಚಿಬಿಡೋಣ ಅನ್ನುವವರೂ ಸಿಗುತ್ತಾರೆ. ನೀರು ಅಲ್ಲಿಂದ ಸರಿದು ಇನ್ನೊಂದು ಕಡೆ ಇಳಿಯುತ್ತದೆ, ಅಷ್ಟರಲ್ಲಿ ಒಳಗಿನ ಕಬ್ಬಿಣ ತುಕ್ಕು ಹಿಡಿಯುತ್ತದೆ. ತುಕ್ಕು ಮೂಲ ಕಬ್ಬಿಣಕ್ಕಿಂತ ಜಾಸ್ತಿ ಜಾಗ ತೆಗೆದುಕೊಳ್ಳುವುದರಿಂದ ಕಾಂಕ್ರೀಟೇ ಸಿಡಿದು ಉದುರುತ್ತದೆ. ಮಾತುಕತೆ ಎಳೆದಾಡುತ್ತಿದ್ದಾಗ ನಾನು ಹೇಳಿದ್ದೂ ಇದನ್ನೇ: "ಇದು ನನಗೆ ಸೀಲಿಂಗ್, ನಿಮಗೆ ನೆಲ." ಬಣ್ಣ ಮಾತ್ರ ಕಲೆ ಪೂರ್ತಿ ಒಣಗಿದ ಮೇಲೆ ಹೊಡೆಸಿ. ಅವಸರ ಮಾಡಿದರೆ ಚಕ್ಕೆ ಏಳುತ್ತದೆ.

ಸಣ್ಣಪುಟ್ಟವು ಇನ್ನೂ ಇದ್ದವು. ಯಾರದ್ದೋ ಸಿಗರೇಟ್ ವಾಸನೆ ನಮ್ಮ ಬಚ್ಚಲಿಗೆ ಬರುತ್ತಿತ್ತು. ಹುಡುಕಿದರೆ ಒಂದು ಮೂಲೆಯ ಜಾಲರಿ ಬಳಸದೆ ಒಣಗಿಹೋಗಿತ್ತು. ಅದರ ಕೆಳಗಿನ ಬಾಗಿನಲ್ಲಿ ನಿಂತಿರುವ ನೀರೇ ಪೈಪಿನ ಗಾಳಿ ಮನೆಯೊಳಗೆ ಬಾರದಂತೆ ತಡೆಯುವುದು. ವಾರಕ್ಕೊಂದು ಚೊಂಬು ನೀರು ಸುರಿದು, ಪೈಪು ಗೋಡೆ ಹೊಕ್ಕುವ ಸಂದು ಮುಚ್ಚಿಸಿದೆ, ಯಾರನ್ನೂ ಕೇಳಬೇಕಾಗಲಿಲ್ಲ. ಕಾರಿಡಾರಿನಲ್ಲಿ ಚಪ್ಪಲಿ ಸ್ಟ್ಯಾಂಡು, ಹಳೇ ಸೈಕಲ್ಲು ಇಡುವವರಿಗೆ ನಾನೊಬ್ಬನೇ ಹೇಳಲಿಲ್ಲ. ಬೆಂಕಿ ಬಿದ್ದರೆ ಹೊಗೆಯಲ್ಲಿ ಎಲ್ಲರೂ ಓಡಬೇಕಾದ ದಾರಿ ಅದು, ಹಾಗಾಗಿ ಅಸೋಸಿಯೇಷನ್ ಕಡೆಯಿಂದ ಎಲ್ಲಾ ಮಹಡಿಗೂ ಒಂದೇ ನೋಟಿಸ್ ಹಾಕಿಸಿದೆ. ನನ್ನ ಹೆಸರು ಎಲ್ಲೂ ಬರಲಿಲ್ಲ, ಸ್ಟ್ಯಾಂಡು ಒಳಗೆ ಹೋಯಿತು. ಆದರೆ ಒಂದು ಮನೆಯ ತೊಂದರೆಯನ್ನು ವಾಟ್ಸಾಪ್ ಗ್ರೂಪಿಗೆ ಹಾಕುವುದಕ್ಕೆ ಮಾತ್ರ ನನ್ನ ಸಂಪೂರ್ಣ ವಿರೋಧ. ಇಡೀ ಕಟ್ಟಡದ ಎದುರು ಮರ್ಯಾದೆ ಹೋಯಿತು ಅಂದುಕೊಂಡ ಮನುಷ್ಯ ಮೂರು ಕಾಸಿನ ರಬ್ಬರ್ ಟೋಪಿಯನ್ನೂ ಹಾಕುವುದಿಲ್ಲ.

ಎಲ್ಲರೂ ದಾರಿಗೆ ಬಂದರು ಅಂತ ಅಂದುಕೊಳ್ಳಬೇಡಿ. ಪಕ್ಕದ ಇನ್ನೊಂದು ಮನೆಯವರು ಟಿವಿಯನ್ನು ನಮ್ಮ ಮಲಗುವ ಕೋಣೆಯ ಗೋಡೆಗೇ ಬೋಲ್ಟ್ ಹಾಕಿ ನಿಲ್ಲಿಸಿದ್ದಾರೆ. ಕರೆದರೆ ಬರಲಿಲ್ಲ, ಸ್ಟ್ಯಾಂಡಿನ ಮೇಲೆ ಇಡಿ ಅಂದರೆ "ನಮ್ಮ ಮನೆ ನಮ್ಮಿಷ್ಟ" ಅಂದರು. ಫೋಟೋ, ತಾರೀಖು, ಏನು ಮಾಡಬೇಕು, ಎಂದಿನೊಳಗೆ ಅಂತ ಬರೆದು ಅಸೋಸಿಯೇಷನ್ನಿಗೆ ಪತ್ರ ಕೊಟ್ಟೆ, ಒಂದು ಪ್ರತಿಗೆ ಸಹಿ ಹಾಕಿಸಿಕೊಂಡೆ. ಅವರು ಕರೆದು ಮಾತಾಡಿದ ಮೇಲೆ ರಾತ್ರಿ ಹತ್ತರ ನಂತರ ದನಿ ಇಳಿದಿದೆ, ಟಿವಿ ಮಾತ್ರ ಅಲ್ಲೇ ಇದೆ. ನಾವು ಮಂಚವನ್ನು ಎದುರಿನ ಗೋಡೆಗೆ ಸರಿಸಿ, ಟಿವಿ ಇರುವ ಗೋಡೆಗೆ ತಾಗಿಯೂ ತಾಗದ ಹಾಗೆ ಬಟ್ಟೆಯ ಬೀರು ಇಟ್ಟಿದ್ದೇವೆ. ಮಾತು ಕಮ್ಮಿ ಕೇಳಿಸುತ್ತದೆ, ಸಂಗೀತದ ದಪ್ಪ ದನಿ ಮಾತ್ರ ಇನ್ನೂ ಬರುತ್ತದೆ. ಪತ್ರದ ಪ್ರತಿ ಫೈಲಿನಲ್ಲಿದೆ, ಮುಂದಿನ ಸಭೆಗೆ ಅದನ್ನು ತೆಗೆದುಕೊಂಡು ಹೋಗುತ್ತೇನೆ.